ಚಲಾವಣೆ ಕಾಣದ ರೂಪಾಯಿ, ಕೆನ್ನೆಯ ಮೇಲೆ ಗೀರು

ಕಳೆದ ಆಷಾಢದ ಒಂದು ಸಂಜೆ. ಸಕಲೇಶಪುರದ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ಕರೆಂಟು ಬೆಳಗ್ಗೆಯೇ ಹೋಗಿತ್ತು. ತಮ್ಮನ ಮಗ ನೆನೆದ ಛತ್ರಿಯನ್ನು ಜಗುಲಿಯಲ್ಲಿ ಬಿಟ್ಟು ಒಳಗೆ ಬಂದವನೇ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದ.

"ದೊಡ್ಡಪ್ಪ, ಇದನ್ನ ತಗೊಳ್ಳಲಾ? ಇವತ್ತೇ ಹೇಳ್ಬೇಕಂತೆ."

ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಳಗೆ ಐದನೇ ಜಾರ್ಜ್ ದೊರೆಯ 1919ರ ಬೆಳ್ಳಿ ರೂಪಾಯಿ. ಡಬ್ಬಿಯ ನೆತ್ತಿಯ ಚೀಟಿಯಲ್ಲಿ 'ಎಂಎಸ್ 61' ಎಂದಿತ್ತು. ಒಂದು ಸಲವೂ ಚಲಾವಣೆಯಾಗದ ನಾಣ್ಯ ಎಂದು ಅಮೆರಿಕದ ಕಂಪನಿಯೊಂದು ಕೊಟ್ಟ ಸರ್ಟಿಫಿಕೇಟು. ಕೇಳುತ್ತಿದ್ದ ಬೆಲೆ ಆರೂವರೆ ಸಾವಿರ. ಹುಡುಗನ ಹತ್ತಿರ ಇದ್ದದ್ದೂ ಸರಿಯಾಗಿ ಅಷ್ಟೇ.

ಆ ಆರೂವರೆ ಸಾವಿರ ಹೇಗೆ ಬಂತು ಅನ್ನುವುದನ್ನು ಹೇಳಬೇಕು. ತಮ್ಮನ ತೋಟ ಇರುವುದು ಆಲೂರು ತಾಲ್ಲೂಕಿನ ಅಂಚಿನಲ್ಲಿ. ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಉದುರಿಬಿದ್ದ ಕಾಫಿ ಯಾರು ಆಯ್ದರೆ ಅವರದ್ದು ಎಂದು ಅವನು ಮಕ್ಕಳಿಗೆ ಬಿಟ್ಟುಕೊಟ್ಟಿದ್ದಾನೆ. ಈ ಹುಡುಗ ಎರಡು ವರ್ಷ ರಜೆಯಲ್ಲೆಲ್ಲ ಬಗ್ಗಿ, ತರಗೆಲೆ ಕೆದಕಿ, ಒಂದೊಂದೇ ಕಾಳು ಆಯ್ದು, ಕಣದಲ್ಲಿ ಒಣಗಿಸಿ ಮಾರಿದ ದುಡ್ಡದು. ಕಾಡಾನೆ ಬಂದಿದೆ ಎಂದು ಊರಲ್ಲಿ ಕೂಗೆದ್ದ ದಿನ ಮಾತ್ರ ಅವನಿಗೆ ರಜೆ. ಅಂಥ ದುಡ್ಡನ್ನು ಯಾವುದಕ್ಕೆ ಹಾಕಬೇಕು ಎಂದು ಹೇಳುವಾಗ ನಾಲಿಗೆ ಸ್ವಲ್ಪ ತಡೆಯುತ್ತದೆ.

ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನು. ನಾಣ್ಯದ ಹುಚ್ಚು ಹಿಡಿದದ್ದು ಅದಕ್ಕೂ ಮೊದಲು. "ಇವತ್ತೇ ಹೇಳಬೇಕು ಅನ್ನುವವನಿಗೆ ನಾಳೆ ಹೇಳು. ಮೊದಲು ಈ 61 ಅಂದರೆ ಏನು ಅಂತ ತಿಳ್ಕೊ" ಅಂದೆ.

ಈ ಅಂಕಿಗೆ ಒಂದು ಕಥೆಯಿದೆ. ಅಮೆರಿಕದಲ್ಲಿ ವಿಲಿಯಂ ಶೆಲ್ಡನ್ ಎಂಬ ಮನೋವಿಜ್ಞಾನಿ ಇದ್ದ. ಅವನಿಗೆ ತಮ್ಮ ದೇಶದ ಹಳೆಯ ತಾಮ್ರದ ಸೆಂಟು ಕೂಡಿಸುವ ಗೀಳು. 1949ರಲ್ಲಿ ಒಂದು ಪುಸ್ತಕ ಬರೆದು 1ರಿಂದ 70ರವರೆಗಿನ ಅಳತೆಗೋಲು ಕೊಟ್ಟ. ಗುರುತೇ ಸಿಗದಷ್ಟು ಸವೆದದ್ದಕ್ಕೆ 1, ಕುಂದೇ ಇಲ್ಲದ್ದಕ್ಕೆ 70. ಅವನ ಲೆಕ್ಕದಲ್ಲಿ ಅದು ಬೆಲೆಯ ಅಳತೆ. ಒಂದನೇ ದರ್ಜೆಯದ್ದು ಒಂದು ಡಾಲರ್ ಆದರೆ ಎಪ್ಪತ್ತನೆಯದು ಎಪ್ಪತ್ತು ಡಾಲರ್. ಚಲಾವಣೆಯಾಗದ ನಾಣ್ಯಕ್ಕೆ ಅವನು ಇಟ್ಟದ್ದು 60, 65, 70 ಎಂಬ ಮೂರೇ ಮೆಟ್ಟಿಲು. ನಡುವಿನ ಮೆಟ್ಟಿಲುಗಳು ಆಮೇಲೆ ಬಂದವು. ದುಡ್ಡು ತೆಗೆದುಕೊಂಡು ದರ್ಜೆ ಕಟ್ಟಿ ಡಬ್ಬಿಯಲ್ಲಿಡುವ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಶುರುವಾದವು. ಈಗ 60ರಿಂದ 70ರವರೆಗೆ ಒಟ್ಟು ಹನ್ನೊಂದು ದರ್ಜೆ.

"ಅಂದ್ರೆ 61 ಅಂದ್ರೆ ನೂರಕ್ಕೆ ಎಂಬತ್ತೇಳು ಮಾರ್ಕ್ಸು ಬಂದಂಗೆ" ಅಂದ ಹುಡುಗ, ಮನಸ್ಸಿನಲ್ಲೇ ಭಾಗಿಸಿ. ಎಲ್ಲರೂ ತಪ್ಪುವುದು ಇಲ್ಲೇ. ಚಲಾವಣೆಯಾಗದ ನಾಣ್ಯಗಳ ಕ್ಲಾಸಿನಲ್ಲಿ 60, 61, 62 ಅಂದರೆ ಹಿಂದಿನ ಬೆಂಚು. ಪಾಸಾಗಿದ್ದಾರೆ, ಅಷ್ಟೆ.

ಯಾರೂ ಬಳಸದ ನಾಣ್ಯಕ್ಕೆ ಗೀರು ಎಲ್ಲಿಂದ ಬರುತ್ತದೆ? ಇದಕ್ಕೆ ನನ್ನ ಕೌಂಟರೇ ಸಾಕ್ಷಿ. ಟಂಕಸಾಲೆಯಿಂದ ಬಂದ ಹೊಸ ಚೀಲ ಬಿಚ್ಚಿ ಮೇಜಿಗೆ ಸುರಿದರೆ ಕಣ್ಣು ಕೋರೈಸುತ್ತದೆ. ಒಂದೊಂದನ್ನೇ ಕೈಗೆತ್ತಿಕೊಂಡು ನೋಡಿ, ಹತ್ತರಲ್ಲಿ ಎಂಟಕ್ಕೆ ಆಗಲೇ ಪೆಟ್ಟು ಬಿದ್ದಿರುತ್ತದೆ. ಅಚ್ಚಿನಿಂದ ಜಾರಿ ತೊಟ್ಟಿಗೆ ಬೀಳುವಾಗ, ಚೀಲದಲ್ಲಿ ತುಂಬುವಾಗ, ಲಾರಿಯಲ್ಲಿ ಕುಲುಕುವಾಗ ಒಂದರ ಅಂಚು ಇನ್ನೊಂದರ ಮುಖಕ್ಕೆ ಬಡಿಯುತ್ತದೆ. ಹಳೆಯ ಬೆಳ್ಳಿ ರೂಪಾಯಿ ತೂಕ 11.66 ಗ್ರಾಂ, ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಸಾವಿರ ರೂಪಾಯಿ ಒಂದು ಚೀಲಕ್ಕೆ ತುಂಬಿದರೆ ಹನ್ನೊಂದೂವರೆ ಕೆ.ಜಿ.ಗೂ ಮೇಲೆ. ಬೆಳ್ಳಿಯೋ ಮೆದು. ಎತ್ತಿ ಕುಕ್ಕಿದರೆ ದೊರೆಯ ಕೆನ್ನೆಗೆ ಗಾಯವಾಗದೆ ಇರುತ್ತದೆಯೇ? ಹಾಗೆ ಹೊಡೆತ ತಿಂದು, ಹೊಳಪು ಮಂಕಾಗಿ, ಆದರೂ ಸವೆಯದೆ ಉಳಿದದ್ದಕ್ಕೆ 60, 61 ಸಿಗುತ್ತದೆ.

ಸವಕಲಿಗೂ ಪೆಟ್ಟಿಗೂ ಇರುವ ವ್ಯತ್ಯಾಸ ತಿಳಿದರೆ ಅರ್ಧ ವಿದ್ಯೆ ಬಂದಂತೆ. ಅಚ್ಚು ಒತ್ತಿದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಹರಿದ ಗುರುತು ಕೂದಲಿಗಿಂತ ಸಣ್ಣ ಗೆರೆಗಳಾಗಿ ಉಳಿಯುತ್ತದೆ. ದೀಪದ ಕೆಳಗೆ ನಾಣ್ಯವನ್ನು ಮೆಲ್ಲಗೆ ಓರೆ ಮಾಡಿ ತಿರುಗಿಸಿದರೆ ಬೆಳಕು ಗಾಡಿ ಚಕ್ರದ ಅರೆಕಾಲುಗಳಂತೆ ಸುತ್ತುತ್ತದೆ. ಮುಖದ ಉಬ್ಬಿದ ಜಾಗದಲ್ಲೂ ಆ ಬೆಳಕು ಕಡಿಯದೆ ಹಾದುಹೋದರೆ ನಾಣ್ಯ ಸವೆದಿಲ್ಲ. ಹುಬ್ಬು, ಮೀಸೆ, ಕಿರೀಟದ ಮೇಲೆ ಬಂದಾಗ ಮಂಕಾದರೆ ಅಲ್ಲಿ ಬೆರಳಾಡಿದೆ ಎಂದರ್ಥ.

ಈಗ ತಮಾಷೆ ನೋಡಿ. ನಾಲ್ಕು ಜನರ ಕೈಯಷ್ಟೇ ದಾಟಿ, ಉಬ್ಬಿನ ತುದಿಯಲ್ಲಿ ಕೊಂಚ ಮಾತ್ರ ಮಂಕಾಗಿ, ಬೇರೆಲ್ಲೂ ಗೀರಿಲ್ಲದ ನಾಣ್ಯಕ್ಕೆ ಸಿಗುವುದು 58. ಮೈತುಂಬ ಗೀರಿದ್ದರೂ ಸವೆಯದ ನಾಣ್ಯಕ್ಕೆ 60. ಎದುರೆದುರು ಇಟ್ಟರೆ ಹತ್ತರಲ್ಲಿ ಒಂಬತ್ತು ಜನ 58ನ್ನೇ ಚೆಂದ ಅನ್ನುತ್ತಾರೆ. ಅಂಕಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ.

ಇಷ್ಟು ಹೇಳುವ ಹೊತ್ತಿಗೆ ನಮ್ಮವ್ವ ಕಾಫಿ ತಂದಿಟ್ಟು ಅಲ್ಲೇ ಕುಳಿತರು. ಎಂಬತ್ತೈದು ವರ್ಷ, ಕಿವಿ ಚುರುಕು. "ರೂಪಾಯಿ ಬೇಕಾದ್ರೆ ಪೂಜೆ ಡಬ್ಬೀಲಿ ಏಳಿದಾವಲ್ಲ, ಅದರಲ್ಲೇ ಒಂದು ತಗೊಳ್ಳಲಿ ಮಗ. ಪಳಪಳ ಅಂತಾವೆ" ಅಂದರು.

ಪಳಪಳ ಅನ್ನುವುದು ನಿಜ. ವರಮಹಾಲಕ್ಷ್ಮಿ ಹಬ್ಬಕ್ಕೊಮ್ಮೆ, ದೀಪಾವಳಿಗೊಮ್ಮೆ ಹುಣಸೆಹಣ್ಣು ಹಾಕಿ ಉಜ್ಜಿ, ವಿಭೂತಿಯಲ್ಲಿ ತಿಕ್ಕಿ ತೊಳೆದ ರೂಪಾಯಿಗಳು. ಎರಡಕ್ಕೆ ಸರಕ್ಕೆ ಪೋಣಿಸಲು ಬೆಸುಗೆ ಹಾಕಿದ ಕೊಂಡಿಯ ಗುರುತೂ ಇದೆ. ಆ ಹೊಳಪು ಟಂಕಸಾಲೆಯದಲ್ಲ, ತಿಕ್ಕಿದ್ದು. ಹರಿವಿನ ಗೆರೆಗಳೆಲ್ಲ ಅಳಿದು, ಅವುಗಳ ಜಾಗದಲ್ಲಿ ಅಡ್ಡಾದಿಡ್ಡಿ ಎಳೆ ಗೀರುಗಳು. ಲಕ್ಷ್ಮಿಗೆ ಅವು ಒಪ್ಪುತ್ತವೆ, ನಾನೂ ಕೈಮುಗಿಯುತ್ತೇನೆ. ಸಂಗ್ರಹಕಾರನ ಕೈಗೆ ಬಂದರೆ ಮಾತ್ರ ಬೆಳ್ಳಿಯ ತೂಕಕ್ಕಿಂತ ಹೆಚ್ಚು ಬೆಲೆ ಬರುವುದು ಕಷ್ಟ.

ಅವ್ವನನ್ನು ಅಂದು ಪ್ರಯೋಜನವಿಲ್ಲ. ದೊಡ್ಡ ತಪ್ಪು ಮಾಡಿದವನು ನಾನೇ. ಅಜ್ಜನ ಹತ್ತಿರ ಒಂದು 1911ರ ರೂಪಾಯಿ ಇತ್ತು. ಬಣ್ಣದ ಕಾಗದದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟಿದ್ದರು. ಯಾಕೆ ಇಟ್ಟಿದ್ದರು ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಐದನೇ ಜಾರ್ಜ್ ಪಟ್ಟಕ್ಕೆ ಬಂದ ಮೇಲೆ ಹೊರಟ ಮೊದಲ ರೂಪಾಯಿ ಅದು. ದೊರೆಯ ಎದೆಯ ಮೇಲಿನ ಪದಕಮಾಲೆಯಲ್ಲಿ ಒಂದು ಆನೆಯ ಚಿತ್ರ. ಸೊಂಡಿಲು ಗಿಡ್ಡವಾಗಿ, ಕಾಲು ಕುಳ್ಳಾಗಿ, ನೋಡಿದ ಜನಕ್ಕೆ ಅದು ಹಂದಿಯಂತೆ ಕಂಡಿತು. ಗಲಾಟೆಯಾಯಿತು. ಅಚ್ಚಾದ 94 ಲಕ್ಷದಲ್ಲಿ ಹೊರಗೆ ಹೋಗಿದ್ದದ್ದು ಸುಮಾರು 7 ಲಕ್ಷ. ಉಳಿದದ್ದನ್ನು ತಡೆದು ಕರಗಿಸಿದರು. 1912ರಿಂದ ಆನೆ ಆನೆಯಂತೆ ಕಾಣುವ ಹಾಗೆ ಅಚ್ಚು ತಿದ್ದಿದರು. ನಮ್ಮ ಆಲೂರು, ಸಕಲೇಶಪುರದವರನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು. ಇಲ್ಲಿ ಆನೆಯ ಗುರುತು ಯಾರೂ ಕಲಿಸಬೇಕಾಗಿಲ್ಲ.

ಆ ರೂಪಾಯಿಯನ್ನು ನಾನು ಆರನೇ ಕ್ಲಾಸಿನಲ್ಲಿದ್ದಾಗ ಶಾಲೆಯ ವಸ್ತುಪ್ರದರ್ಶನಕ್ಕೆ ಒಯ್ದೆ. ಕಪ್ಪುನೀಲಿ ತಿರುಗಿದ್ದ ಅದನ್ನು ಹಾಗೇ ಒಯ್ದರೆ ನಾಚಿಕೆ ಎಂದು ಹಿತ್ತಲಲ್ಲಿ ಕೂತು ಅರ್ಧ ಗಂಟೆ ಹುಣಸೆಹಣ್ಣಿನಲ್ಲಿ ತಿಕ್ಕಿದೆ. ಬಹುಮಾನವೂ ಬಂತು. ಅಜ್ಜ ನೋಡಿ ಏನೂ ಅನ್ನಲಿಲ್ಲ. ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ಇಪ್ಪತ್ತು ವರ್ಷದ ಮೇಲೆ ಬೆಂಗಳೂರಿನ ನಾಣ್ಯ ಪ್ರದರ್ಶನವೊಂದರಲ್ಲಿ ಹಿರಿಯರೊಬ್ಬರಿಗೆ ತೋರಿಸಿದೆ. ದೀಪಕ್ಕೆ ಓರೆ ಹಿಡಿದು, "ಸವೆದಿಲ್ಲ. ತೊಳೆಯದೆ ಇದ್ದಿದ್ದರೆ 63ಕ್ಕೆ ಕಡಿಮೆ ಇರ್ತಿರಲಿಲ್ಲ" ಅಂದರು. ಕಂಪನಿಗಳು ಇಂಥದ್ದಕ್ಕೆ ಅಂಕಿಯನ್ನೇ ಕೊಡುವುದಿಲ್ಲ, 'ತಿಕ್ಕಿದ್ದು' ಎಂದು ಬರೆದು ಕಳಿಸುತ್ತವೆ.

ಇದನ್ನೆಲ್ಲ ಕೇಳಿದ ಹುಡುಗ, "ಹಾಗಾದ್ರೆ 61 ತಗೋಬಾರದಾ?" ಅಂದ.

ಹಾಗೂ ಹೇಳಲಾಗದು. ಯಾವ ನಾಣ್ಯ ಅನ್ನುವುದರ ಮೇಲೆ ಹೋಗುತ್ತದೆ. 1939ರ ಬೆಳ್ಳಿ ರೂಪಾಯಿಯನ್ನು ತೆಗೆದುಕೊಳ್ಳಿ. ಯುದ್ಧ ಬಂದು 1940ರಿಂದ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಅದಕ್ಕೆ ಮುಂಚಿನ ಆ ಕೊನೆಯ ವರ್ಷದ್ದು ಸಿಗುವುದೇ ದುರ್ಲಭ, ನಕಲಿಗಳ ಕಾಟ ಬೇರೆ. ಅದು ಅಸಲಿ ಎಂಬ ಖಾತ್ರಿಯೊಂದಿಗೆ 60ರಲ್ಲಿ ಸಿಕ್ಕರೆ, ಕೈಯಲ್ಲಿ ದುಡ್ಡಿದ್ದವರು ಗೀರು ಎಣಿಸುತ್ತಾ ಕೂರಬಾರದು. ಹಂದಿ ರೂಪಾಯಿಯೂ ಹಾಗೆ. 61ರದ್ದು ಹದವಾದ ಬೆಲೆಗೆ ಸಿಕ್ಕರೆ ನಾನೇ ಕೊಳ್ಳುತ್ತೇನೆ. ಕೊಂಡೇನು ಅನ್ನುವುದಕ್ಕೆ ನನ್ನದೇ ಕಾರಣವಿದೆ, ಅದು ಬಿಡಿ. ಆದರೆ 1919ರದ್ದು ಕೋಟಿಗಟ್ಟಲೆ ಅಚ್ಚಾದ ವರ್ಷದ್ದು. ಕಲ್ಕತ್ತದಲ್ಲೂ ಆಗಿದೆ, ಬೊಂಬಾಯಿಯಲ್ಲೂ ಆಗಿದೆ. ಹಿಂಬದಿಯ ಬಳ್ಳಿಯ ಕೆಳಗಿನ ತಾವರೆಯ ಹತ್ತಿರ ಸಣ್ಣ ಚುಕ್ಕಿ ಇದ್ದರೆ ಬೊಂಬಾಯಿ. ಅಷ್ಟು ಸುಲಭವಾಗಿ ಸಿಗುವ ನಾಣ್ಯದಲ್ಲಿ ಹಿಂದಿನ ಬೆಂಚಿನದನ್ನು ಮುಂದಿನ ಬೆಂಚಿನ ದರಕ್ಕೆ ಯಾಕೆ ಕೊಳ್ಳಬೇಕು? ಕೊಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಪ್ಲಾಸ್ಟಿಕ್ ಡಬ್ಬಿಗೂ ಚೀಟಿಗೂ ಹೋಗುತ್ತದೆ. ಮಾರಲು ಹೊರಟಾಗ ಇನ್ನೂ ಕಷ್ಟ. ಚೆಂದದ್ದು ಬೇಕೆನ್ನುವವರು 63, 64 ಕೇಳುತ್ತಾರೆ, ಅಗ್ಗದ್ದು ಬೇಕೆನ್ನುವವರಿಗೆ ಸವೆದದ್ದೇ ಸಾಕು. ನಡುವೆ ಇರುವುದನ್ನು ಕೇಳುವವರು ಕಡಿಮೆ.

ಇನ್ನು ಟಿಪ್ಪುವಿನ ಆನೆ ಪೈಸೆಯಂಥ ಕೈಯಚ್ಚಿನ ತಾಮ್ರದ ಕಾಸಿಗೆ ಈ ಅಂಕಿಗಳನ್ನು ಹಿಡಿದು ಜಗಳವಾಡುವುದರಲ್ಲಿ ಅರ್ಥವಿಲ್ಲ. ಅಲ್ಲಿ ಆನೆ ಪೂರ್ತಿ ಬಿದ್ದಿದೆಯೇ, ಅಕ್ಷರ ಓದಲು ಬರುತ್ತದೆಯೇ ಎಂದು ನೋಡಿದರೆ ಸಾಕು. ಮಂಜರಾಬಾದ್ ಕೋಟೆ ಕಟ್ಟಿಸಿದವನ ಕಾಸು ಎಂದು ನಮ್ಮ ಕಡೆಯ ಮಕ್ಕಳಿಗೆ ಅದರ ಮೇಲೆ ವಿಶೇಷ ಪ್ರೀತಿ. ಮತ್ತೊಂದು ಮಾತು. ನೂರು ವರ್ಷ ದಾಟಿದ ನಾಣ್ಯವನ್ನು 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಮೆರಿಕಕ್ಕೆ ಅಂಚೆಯಲ್ಲಿ ಕಳಿಸಿ ದರ್ಜೆ ಕಟ್ಟಿಸುತ್ತೇನೆ ಎಂದು ಯಾರೂ ಹೊರಡಬೇಡಿ.

ಎರಡು ವಾರ ಬಿಟ್ಟು ಹಾಸನಕ್ಕೆ ಹೋದೆವು. ಅಲ್ಲಿ ನನಗೆ ಪರಿಚಯದ ವ್ಯಾಪಾರಿಯೊಬ್ಬರಿದ್ದಾರೆ. ಡಬ್ಬಿಯಲ್ಲಿದ್ದ 61ರ ರೂಪಾಯಿಯೊಂದು, ಡಬ್ಬಿಯಿಲ್ಲದ ಇನ್ನೊಂದು, ಎರಡೂ 1919ರವು, ಮೇಜಿನ ಮೇಲಿಟ್ಟರು. ನಾನು ಬಾಯಿ ಬಿಡಲಿಲ್ಲ. ಹುಡುಗ ದೀಪದ ಕೆಳಗೆ ಡಬ್ಬಿಯನ್ನು ಓರೆ ಮಾಡಿ ನೋಡಿದ. ಬೆಳಕು ಸುತ್ತಿತು, ಆದರೆ ದೊರೆಯ ಕೆನ್ನೆಯಿಂದ ಕುತ್ತಿಗೆವರೆಗೆ ಒಂದು ಉದ್ದ ಗೀರು, ಹಿಂದಿನ ಬಯಲಲ್ಲಿ ಕೋಳಿ ಕೆದಕಿದಂಥ ಗುರುತುಗಳು. ಇನ್ನೊಂದಕ್ಕೆ ಅಂಚಿನ ಸುತ್ತ ನಸುಗಪ್ಪು, ನಡುವೆ ಹೊಗೆಬಣ್ಣ. ಹುಬ್ಬಿನ ಮೇಲೆ ಮಾತ್ರ ತುಸು ಮಂಕು, ಗೀರಿಲ್ಲ. ಹತ್ತು ನಿಮಿಷ ಎರಡನ್ನೂ ನೋಡಿದ. "ಫೋಟೋದಲ್ಲಿ ಗೀರು ಕಾಣ್ಲೇ ಇಲ್ಲ ದೊಡ್ಡಪ್ಪ" ಅಂದ.

ಡಬ್ಬಿಯಿಲ್ಲದ್ದನ್ನು ಕೊಂಡ. ಬೆಲೆ ಇನ್ನೊಂದರ ಅರ್ಧಕ್ಕೂ ಕಡಿಮೆ. ಉಳಿದ ದುಡ್ಡಿನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯೊಂದು, ಗಟ್ಟಿ ಪ್ಲಾಸ್ಟಿಕ್ಕಿನ ದುಂಡು ಕರಡಿಗೆಗಳು. ಮೆತ್ತನೆಯ ಪಿವಿಸಿ ಚೀಲ ಬೇಡ ಎಂದು ನಾನೇ ತಡೆದೆ. ನಮ್ಮ ಮಳೆಗಾಲದ ಶೀತಕ್ಕೆ ಅದು ಬೆವತು ನಾಣ್ಯಕ್ಕೆ ಹಸಿರು ಜಿಗುಟು ಹಿಡಿಸುತ್ತದೆ. ರಬ್ಬರ್ ಬ್ಯಾಂಡಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿ ಕಪ್ಪಾಗುತ್ತದೆ, ಅದೂ ಬೇಡ. ಕರಡಿಗೆಯ ಪಕ್ಕ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಸೌದೆ ಒಲೆಯ ಅಡುಗೆಮನೆಯಿಂದ ದೂರದ ಬೀರುವಿನಲ್ಲಿಟ್ಟರೆ ಸಾಕು. ನಾಣ್ಯ ಹಿಡಿಯುವುದು ಅಂಚಿನಲ್ಲಿ, ಮುಖಕ್ಕೆ ಬೆರಳು ತಾಗಿಸಬಾರದು.

ಮನೆಗೆ ಬಂದಾಗ ಅವ್ವ ಕೈಯೊಡ್ಡಿದರು. ಹುಡುಗ ಕರಡಿಗೆ ಸಮೇತ ಕೊಟ್ಟ. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇಷ್ಟು ಕಪ್ಪಗಿರೋದಕ್ಕೆ ದುಡ್ಡು ಕೊಟ್ಟು ಬಂದ್ರಾ? ಇರ್ಲಿ ಬಿಡು. ಶುಕ್ರವಾರ ಹಬ್ಬ ಅಲ್ವಾ, ಹುಣಸೆಹಣ್ಣು ಹೇಗೂ ನೆನೆಹಾಕ್ತೀನಿ."

ಆ ಶುಕ್ರವಾರ ಪೂಜೆ ಮುಗಿದು, ಕೋಸಂಬರಿ ಹಂಚುವವರೆಗೂ ಕರಡಿಗೆ ಹುಡುಗನ ಚಡ್ಡಿ ಜೇಬಿನಲ್ಲೇ ಇತ್ತು.