ಹಿಮದ ಮೇಲೆ ಲೈಸೆನ್ಸ್ ಯಾರು ಕೇಳುತ್ತಾರೆ?

ಗುಲ್ಮಾರ್ಗಿಗೋ ಮನಾಲಿಯ ಸೋಲಂಗಿಗೋ ಹೋಗಿಬಂದವರಿಗೆ ಸ್ನೋಮೊಬೈಲ್ ಎಂದರೆ ದುಡ್ಡು ಕೊಟ್ಟು, ಓಡಿಸುವವನ ಬೆನ್ನಿಗಂಟಿ ಕೂತು ಒಂದು ಸುತ್ತು ಹೊಡೆಯುವ ಮೋಜು. ಜಾತ್ರೆಯ ರಾಟೆ ತೊಟ್ಟಿಲಿಗೆ ಲೈಸೆನ್ಸ್ ಕೇಳುವವರುಂಟೇ? ಕೆನಡಾದಲ್ಲಿ ನೆಲೆಸಿ, ಚಳಿಗಾಲದ ವಾರಾಂತ್ಯದಲ್ಲಿ ಟೊರಾಂಟೊದಿಂದ ಮಸ್ಕೋಕಾ ಕಡೆಗೆ ಹೊರಡುವ ನಮ್ಮವರಲ್ಲೂ ಕೆಲವರಿಗೆ ಇದೇ ಎಣಿಕೆ. ಅಲ್ಲಿ ಮಾತ್ರ ಹ್ಯಾಂಡಲ್ ಅವರ ಕೈಯಲ್ಲೇ ಇರುತ್ತದೆ. ಅದು ಒಂಟಾರಿಯೊ ಪ್ರಾಂತ್ಯ. ಹಿಮವಾಹನಗಳಿಗೆಂದೇ ಅಲ್ಲೊಂದು ಪ್ರತ್ಯೇಕ ಕಾಯ್ದೆಯಿದೆ.

ಮೊದಲನೆಯ ನಂಬಿಕೆ: ರಸ್ತೆಯೇ ಇಲ್ಲದ ಕಡೆ ಕಾಗದಪತ್ರದ ಗೊಡವೆ ಇಲ್ಲ. ನಿಜವೇನೆಂದರೆ, ಗಾಡಿಗೆ ನೋಂದಣಿ ಬೇಕು, ಸಂಖ್ಯೆ ಎರಡೂ ಬದಿಗೆ ಕಾಣಬೇಕು, ವಿಮೆ ಇರಬೇಕು. ಓಡಿಸುವವರ ಬಳಿ ಕಾರಿನ ಲೈಸೆನ್ಸೋ, ತರಬೇತಿ ಮುಗಿಸಿ ಪಡೆದ ಹಿಮವಾಹನದ ಪರವಾನಗಿಯೋ ಇರಲೇಬೇಕು. ಈ ಪರವಾನಗಿ 12 ವರ್ಷ ತುಂಬಿದವರಿಗೂ ಸಿಗುತ್ತದೆ. ಅಷ್ಟು ವೇಗದ ಯಂತ್ರಕ್ಕೆ 12 ತೀರಾ ಚಿಕ್ಕ ವಯಸ್ಸೆಂದೇ ನನಗನ್ನಿಸುತ್ತದೆ. ಪಕ್ಕದ ಕ್ವಿಬೆಕ್‌ನಲ್ಲಿ ಅದು 16. ಸ್ವಂತ ಜಮೀನಿನೊಳಗೆ ಓಡಿಸುವವರಿಗೆ ಒಂಟಾರಿಯೊದ ಕಾಯ್ದೆ ಸಡಿಲವಾಗುತ್ತದೆ. ‘ಏನೂ ಬೇಕಿಲ್ಲ’ ಎಂಬ ಮಾತು ಹುಟ್ಟಿದ್ದು ಬಹುಶಃ ಅಲ್ಲಿಂದಲೇ. ಬೇಲಿ ದಾಟಿದರೆ ಆ ಸಡಿಲಿಕೆ ಮುಗಿಯಿತು.

ಕಾರಿನ ಲೈಸೆನ್ಸ್ ಇದ್ದರೆ ಡಾಂಬರು ರಸ್ತೆಯ ಮೇಲೂ ಹೋಗಬಹುದು ಎನ್ನುವವರಿದ್ದಾರೆ. ಆದರೆ ಒಂಟಾರಿಯೊದ 400ರ ಸರಣಿಯ ಸಂಖ್ಯೆಗಳ ವೇಗದ ಹೆದ್ದಾರಿಗಳಿಗಂತೂ ಪ್ರವೇಶವೇ ಇಲ್ಲ. ಅವಕಾಶವಿರುವ ರಸ್ತೆಗಳಲ್ಲೂ ಹಿಮ ತೆಗೆದ ಭಾಗವನ್ನು ಬಿಟ್ಟು ಆಚೆಯ ಅಂಚಿನಲ್ಲಿ ಸಾಗಬೇಕು. ದಾಟುವುದಾದರೆ ನೇರ 90 ಡಿಗ್ರಿಯಲ್ಲಿ. ರಸ್ತೆಬದಿ ಸಾಗಲೂ ದಾಟಲೂ 16 ವರ್ಷ ತುಂಬಿರಬೇಕು. ವೇಗಕ್ಕೂ ಲಗಾಮಿದೆ: ಹಿಮವಾಹನಗಳ ದಾರಿಯಾದ ಟ್ರೇಲ್‌ನಲ್ಲಿ ಗಂಟೆಗೆ 50 ಕಿಲೋಮೀಟರ್, ಕಾರುಗಳಿಗೇ 50 ಅಥವಾ ಅದಕ್ಕಿಂತ ಕಡಿಮೆ ಮಿತಿಯಿರುವ ರಸ್ತೆಯ ಬದಿಯಲ್ಲಿ ಬರೀ 20. ಹೆಲ್ಮೆಟ್ ಕಡ್ಡಾಯ. ಹಿಂದೆ ಕಟ್ಟಿ ಎಳೆಯುವ ಜಾರುಬಂಡಿಯಲ್ಲಿ ಕೂತ ಮಗುವಿಗೂ ಅದು ಬೇಕು.

ಇಷ್ಟನ್ನು ಒಪ್ಪಿಕೊಂಡವರೂ ಎಡವುವುದು ಹೆಪ್ಪುಗಟ್ಟಿದ ಸರೋವರದ ಮೇಲೆ. ಮಂಜುಗಡ್ಡೆಯಲ್ಲಿ ತೂತು ಕೊರೆದು ಮೀನು ಹಿಡಿಯುತ್ತ ಎರಡು ಬಿಯರ್ ಕುಡಿದು, ಅದೇ ಗಾಡಿಯಲ್ಲಿ ದಡಕ್ಕೆ ಮರಳಿದರೆ ಕೇಳುವವರಾರು ಎಂಬ ಧೈರ್ಯ. ಕೇಳುವವರಿದ್ದಾರೆ: ಪ್ರಾಂತ್ಯದ ಪೊಲೀಸರಲ್ಲಿ ಹಿಮವಾಹನವೇರಿ ಗಸ್ತು ತಿರುಗುವ ತಂಡವೇ ಇದೆ. ಕುಡಿದು ಓಡಿಸುವುದು ಇಡೀ ಕೆನಡಾಕ್ಕೆ ಅನ್ವಯಿಸುವ ಅಪರಾಧ ಸಂಹಿತೆಗೆ ಸೇರಿದ ವಿಷಯ. ಆ ಸಂಹಿತೆಯ ಮಟ್ಟಿಗೆ ಮೋಟಾರಿನಿಂದ ಓಡುವ ಕಾರೂ ಹಿಮವಾಹನವೂ ಒಂದೇ. ಕೆಳಗಿರುವುದು ಡಾಂಬರೋ ಮಂಜೋ ಸ್ವಂತ ಹೊಲವೋ ಎಂದು ಅದು ನೋಡುವುದಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂ ಮದ್ಯ ಮುಟ್ಟಿದರೆ ಅಪರಾಧ. ಊದಿ ತೋರಿಸಲು ಒಪ್ಪದಿರುವುದೂ ಅಪರಾಧವೇ. ಒಂಟಾರಿಯೊದಲ್ಲಿ 50 ಮುಟ್ಟಿದರೇ ಲೈಸೆನ್ಸ್ ಅಮಾನತಾಗುತ್ತದೆ. ಅಮಾನತಾಗುವುದು ಕಾರಿನ ಲೈಸೆನ್ಸೇ! ಶನಿವಾರ ಸರೋವರದ ಮೇಲೆ ಸಿಕ್ಕಿಬಿದ್ದವರು ಸೋಮವಾರ ಆಫೀಸಿಗೆ ಬಸ್ಸು ಹಿಡಿಯಬೇಕಾಗುತ್ತದೆ. ಕುಡಿದು ಕಾರು ಓಡಿಸಿ ಲೈಸೆನ್ಸ್ ಕಳೆದುಕೊಂಡವರಿಗೂ ‘ಹೋಗಲಿ, ಸ್ನೋಮೊಬೈಲ್ ಆದರೂ ಇದೆಯಲ್ಲ’ ಎನ್ನುವಂತಿಲ್ಲ. ಅಮಾನತು ತೆರವಾಗುವವರೆಗೆ ಅದನ್ನೂ ಮುಟ್ಟುವಂತಿಲ್ಲ.

ಇನ್ನು ನೋಂದಣಿ ಶುಲ್ಕ ಕಟ್ಟಿದ ಮೇಲೆ ಟ್ರೇಲ್‌ಗಳೆಲ್ಲ ಪುಕ್ಕಟೆ ಎಂಬ ಲೆಕ್ಕ. ಗುರುತು ಹಾಕಿ, ಹಿಮ ಸಮಮಾಡಿ ಆ ದಾರಿಗಳನ್ನು ನೋಡಿಕೊಳ್ಳುವವರು ಸ್ಥಳೀಯ ಕ್ಲಬ್ಬುಗಳ ಸ್ವಯಂಸೇವಕರು. ಆ ಕ್ಲಬ್ಬುಗಳ ಒಕ್ಕೂಟ ಕೊಡುವ ಪರ್ಮಿಟ್ ಬೇರೆಯೇ ಕೊಳ್ಳಬೇಕು, ಅದಿಲ್ಲದೆ ಆ ಟ್ರೇಲ್‌ಗಳಲ್ಲಿ ಓಡಿಸಿದರೆ ದಂಡ. ಪರ್ಮಿಟ್ ಇದ್ದವರೂ ದಾರಿ ಬಿಟ್ಟು ಪಕ್ಕಕ್ಕೆ ಹೊರಳುವಂತಿಲ್ಲ, ಏಕೆಂದರೆ ಟ್ರೇಲ್‌ಗಳ ಬಹುಭಾಗ ಹಾದುಹೋಗುವುದು ರೈತರು ಮತ್ತಿತರ ಖಾಸಗಿ ಜನರು ಬಿಟ್ಟುಕೊಟ್ಟ ಜಮೀನಿನಲ್ಲಿ. ಮರಕ್ಕೋ ಬೇಲಿ ಕಂಬಕ್ಕೋ ಕೆಂಪು ಬಣ್ಣ ಬಳಿದಿದ್ದರೆ ಒಳಗೆ ಕಾಲಿಡಕೂಡದು ಎಂದರ್ಥ. ಫಲಕ ಬೇಕೆಂದೇನೂ ಇಲ್ಲ. ಜಮೀನಿನ ಯಜಮಾನ ಕೈ ಅಡ್ಡ ಹಿಡಿದರೆ ಗಾಡಿ ನಿಲ್ಲಿಸಿ ತಾನು ಯಾರೆಂದು ಹೇಳಬೇಕಾದ ಹೊಣೆಯನ್ನೂ ಕಾಯ್ದೆ ಸವಾರನ ಮೇಲೆಯೇ ಹೊರಿಸಿದೆ.