ಪೂರ್ವಪಕ್ಷಕ್ಕೂ ಒಂದು ಆಸನ

1945ನೆಯ ಇಸವಿಯಲ್ಲಿ, ಎರಡನೆಯ ಮಹಾಯುದ್ಧದ ಬೆಂಕಿ ಆರುತ್ತಿದ್ದ ಆ ಒಂದೇ ವರ್ಷದೊಳಗೆ, ಬೆಂಗಳೂರಿನ ಬಸವನಗುಡಿಯೆಂಬ ಒಂದೇ ಪ್ರದೇಶದಲ್ಲಿ, ಒಂದರಿಂದ ಇನ್ನೊಂದಕ್ಕೆ ಕಾಲ್ನಡಿಗೆಯಲ್ಲಿಯೇ ಹೋಗಿಬರಬಹುದಾದಷ್ಟು ಅಂತರದಲ್ಲಿ, ಮೂರು ಸಂಸ್ಥೆಗಳು ಹುಟ್ಟಿದುವು: ಡಿ. ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆ, ಬಿ. ಪಿ. ವಾಡಿಯಾ ಮತ್ತು ಸೋಫಿಯಾ ವಾಡಿಯಾ ದಂಪತಿಗಳು ಕಟ್ಟಿದ, ಇಂದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಎಂದು ಹೆಸರಾಗಿರುವ ಸಂಸ್ಥೆ, ಮತ್ತು ಮುಂದೆ ಎಚ್. ನರಸಿಂಹಯ್ಯನವರ ಕರ್ಮಭೂಮಿಯಾದ ನ್ಯಾಷನಲ್ ಕಾಲೇಜು. ಒಂದರಲ್ಲಿ ಭಗವದ್ಗೀತೆಯೂ ರಾಜ್ಯಶಾಸ್ತ್ರವೂ ಜೊತೆಜೊತೆಯಾಗಿ ವಿಚಾರಕ್ಕೆ ಬರುತ್ತಿದ್ದುವು; ಇನ್ನೊಂದರಲ್ಲಿ ಥಿಯಾಸಫಿಯ ಹಿನ್ನೆಲೆಯಿಂದ ಬಂದವರು ಸರ್ವಮತಗಳ, ಸರ್ವದೇಶಗಳ ಸಂಸ್ಕೃತಿಗಳಿಗೆ ಬಾಗಿಲು ತೆರೆದಿದ್ದರು; ಮೂರನೆಯದರಲ್ಲಿ ಕ್ರಮೇಣ ವಿಜ್ಞಾನದ ಪ್ರಶ್ನಾಪರತೆ ಬೇರೂರಿತು. ಇಷ್ಟು ಭಿನ್ನವಾದ ಮೂರು ಮನೋಧರ್ಮಗಳು ನೆರೆಹೊರೆಯಾಗಿ ಬಾಳಿದುದನ್ನು ಈ ನಗರದ ಒಂದು ಮಹದ್ಭಾಗ್ಯವೆಂದೇ ನಾನು ಎಣಿಸುತ್ತೇನೆ.

ದೇವರು ಇರುವನೋ ಇಲ್ಲವೋ, ಮರಣದಾಚೆಗೆ ಏನಾದರೂ ಉಂಟೋ, ಸಜ್ಜನನಿಗೇಕೆ ದುಃಖ, ಮನುಷ್ಯನು ಸ್ವತಂತ್ರನೋ ಅಥವಾ ಹಣೆಬರಹಕ್ಕೆ ಅಧೀನನೋ ಎಂಬ ಪ್ರಶ್ನೆಗಳು ಪಂಡಿತರಿಗೆ ಮೀಸಲಾದುವು, ನಮ್ಮಂಥ ಸಂಸಾರಿಗಳಿಗೆ ಅವುಗಳ ಗೊಡವೆ ಬೇಡ ಎಂದು ಹೇಳುವುದುಂಟು. ಆದರೆ ಮಗಳ ಮದುವೆಗಾಗಿ ಜಾತಕ ಕೂಡಿಸುವಾಗ, ಆಸ್ಪತ್ರೆಯಲ್ಲಿ ಹರಕೆ ಹೊತ್ತು ಕುಳಿತಿರುವಾಗ, ಮಡಿದ ತಂದೆಯ ಶ್ರಾದ್ಧವನ್ನು ಮಾಡುವಾಗ ಅಥವಾ ಮಾಡದೆ ಬಿಡುವಾಗ, ಪ್ರತಿಯೊಬ್ಬ ಗೃಹಸ್ಥನೂ ಈ ಪ್ರಶ್ನೆಗಳಿಗೆ ಯಾವುದೋ ಒಂದು ಉತ್ತರವನ್ನು ಕೊಟ್ಟೇ ಕೊಡುತ್ತಾನೆ. ಉತ್ತರವನ್ನು ತಾನು ಪರೀಕ್ಷಿಸಿ ಕೊಟ್ಟನೋ, ಪರೀಕ್ಷಿಸದೆ ಕೊಟ್ಟನೋ ಎಂಬುದಷ್ಟೇ ವ್ಯತ್ಯಾಸ. ‘ಹಿರಿಯರು ಹೇಳಿದ್ದಾರೆ’ ಎಂದು ವಿಚಾರವನ್ನು ಮುಗಿಸುವವನೂ, ‘ಇದೆಲ್ಲ ಮೂಢನಂಬಿಕೆ’ ಎಂದು ವಿಚಾರವನ್ನು ಆರಂಭಿಸದೆಯೇ ಬಿಡುವವನೂ ನನ್ನ ದೃಷ್ಟಿಯಲ್ಲಿ ಒಂದೇ ಬಗೆಯ ಆಲಸ್ಯಕ್ಕೆ ಒಳಗಾದವರು.

ಪರೀಕ್ಷಿಸುವ ಕ್ರಮವನ್ನು ನಾವು ಹೊರಗಿನಿಂದ ತರಬೇಕಾಗಿಲ್ಲ. ನಮ್ಮ ನ್ಯಾಯಶಾಸ್ತ್ರಕಾರರು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯಾಗಿ ವಿಂಗಡಿಸಿ, ತತ್ತ್ವವನ್ನು ತಿಳಿಯುವ ಇಚ್ಛೆಯಿಂದ ನಡೆಯುವುದು ವಾದ, ಗೆಲ್ಲುವ ಹಟದಿಂದ ನಡೆಯುವುದು ಜಲ್ಪ, ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಾಳಿಯದನ್ನು ಕೆಡಹುವುದಷ್ಟನ್ನೇ ಗುರಿಯಾಗಿಟ್ಟುಕೊಂಡದ್ದು ವಿತಂಡ ಎಂದು ಲಕ್ಷಣ ಹೇಳಿದರು. ವಾದವೆನ್ನಿಸಿಕೊಳ್ಳಬೇಕಾದರೆ ಮೊದಲು ಎದುರುಪಕ್ಷವನ್ನು, ಅಂದರೆ ಪೂರ್ವಪಕ್ಷವನ್ನು, ಅದರ ಅನುಯಾಯಿಯೇ ‘ಹೌದು, ನಾನು ಹೇಳುವುದು ಇದನ್ನೇ’ ಎಂದು ಒಪ್ಪುವಂತೆ ನಿರೂಪಿಸತಕ್ಕದ್ದು. ಸಿದ್ಧಾಂತಕ್ಕೆ ಸರದಿ ಬರುವುದು ಆ ಬಳಿಕ. ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ಮಾಧವಾಚಾರ್ಯರು ರಚಿಸಿದ ‘ಸರ್ವದರ್ಶನಸಂಗ್ರಹ’ವು ಇದಕ್ಕೆ ಉಜ್ಜ್ವಲವಾದ ನಿದರ್ಶನ. ವೇದಾಂತಿಯಾದ ಆ ಗ್ರಂಥಕರ್ತನು ತನ್ನ ಪುಸ್ತಕದ ಮೊದಲನೆಯ ಅಧ್ಯಾಯವನ್ನೇ ಚಾರ್ವಾಕನಿಗೆ, ಎಂದರೆ ದೇವರನ್ನೂ ಪರಲೋಕವನ್ನೂ ಯಜ್ಞಫಲವನ್ನೂ ಕಂಠೋಕ್ತವಾಗಿ ಅಲ್ಲಗಳೆದವನಿಗೆ, ಬಿಟ್ಟುಕೊಟ್ಟನು. ಚಾರ್ವಾಕರ ಮೂಲಗ್ರಂಥಗಳು ಬಹುಮಟ್ಟಿಗೆ ನಷ್ಟವಾಗಿ ಹೋದ ಈ ಕಾಲದಲ್ಲಿ, ಅವರ ಮತವೇನೆಂಬುದನ್ನು ತಿಳಿಯಬಯಸುವ ವಿದ್ವಾಂಸರು ಪ್ರತಿಪಕ್ಷದವನೊಬ್ಬನ ಪುಸ್ತಕವನ್ನೇ ತೆರೆಯಬೇಕಾಗಿದೆ. ಎದುರಾಳಿಯ ಮಾತನ್ನು ಎದುರಾಳಿಗಾಗಿ ಕಾಪಾಡಿಕೊಡುವುದಕ್ಕಿಂತ ಹೆಚ್ಚಿನ ಬೌದ್ಧಿಕ ಪ್ರಾಮಾಣಿಕತೆಯನ್ನು ನಾನು ಕಲ್ಪಿಸಿಕೊಳ್ಳಲಾರೆ.

ಗುಂಡಪ್ಪನವರ ವಿಶೇಷವೇನೆಂದರೆ, ಅವರು ಈ ಪೂರ್ವಪಕ್ಷಕ್ಕೆ ತಮ್ಮ ಸ್ವಂತ ಹೃದಯದೊಳಗೆಯೇ ಆಸನ ಹಾಕಿಕೊಟ್ಟರು. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿ, ಮೆಟ್ರಿಕ್ಯುಲೇಷನ್ನನ್ನೂ ದಾಟದೆ, ಪತ್ರಿಕಾವೃತ್ತಿಯಿಂದ ಜೀವನ ಸಾಗಿಸುತ್ತ, ಸಂಸ್ಕೃತವನ್ನೂ ಇಂಗ್ಲಿಷನ್ನೂ ಬಹುಪಾಲು ಸ್ವಂತ ವ್ಯಾಸಂಗದಿಂದಲೇ ಗಳಿಸಿಕೊಂಡ ಅವರು, 1943ರಲ್ಲಿ ಪ್ರಕಟಿಸಿದ ‘ಮಂಕುತಿಮ್ಮನ ಕಗ್ಗ’ದಲ್ಲಿ ಆಸ್ತಿಕ್ಯದ ಸಮಾಧಾನವನ್ನು ಮೊದಲು ಹೇಳಿ ಸಂಶಯವನ್ನು ಆಮೇಲೆ ಅಟ್ಟಿಬಿಡಲಿಲ್ಲ, ದೇವರೆಂಬುದು ನಮ್ಮ ಅಜ್ಞಾನಕ್ಕೆ ನಾವೇ ಇಟ್ಟುಕೊಂಡ ಹೆಸರಾಗಿರಬಹುದಲ್ಲವೆ, ಈ ಬಾಳಿಗೆ ಅರ್ಥವೆಂಬುದು ನಿಜವಾಗಿ ಉಂಟೆ ಎಂಬ ಸಂಶಯಗಳನ್ನು ಕಾವ್ಯದ ಆರಂಭದಲ್ಲಿಯೇ ನಿಲ್ಲಿಸಿದರು. 945 ಪದ್ಯಗಳ ಆ ಕೃತಿಯನ್ನು ಇಂದು ಅನೇಕರು ಸಾಂತ್ವನದ ಮಾತುಗಳ ಭಂಡಾರವೆಂದು ಮಾತ್ರ ಬಳಸುತ್ತಾರೆ. ಸಾಂತ್ವನ ಅಲ್ಲಿ ಇರುವುದು ನಿಜ. ಆದರೆ ಪ್ರಶ್ನೆಯ ಪದ್ಯಗಳನ್ನು ದಾಟಿಹೋಗಿ ಉತ್ತರದ ಪದ್ಯಗಳನ್ನು ಮಾತ್ರ ಗೋಡೆಗೆ ಬರೆದುಕೊಂಡವನು, ಕವಿ ಪಟ್ಟ ಶ್ರಮದ ಅರ್ಧಭಾಗವನ್ನು ತಳ್ಳಿಹಾಕಿದಂತೆಯೇ.

ಗೋಖಲೆ ಸಂಸ್ಥೆಯ ಅಧ್ಯಯನಗೋಷ್ಠಿಯಲ್ಲಿ ಅವರು ಗೀತೆಯ ಮೇಲೆ ಮಾಡಿದ ಪ್ರವಚನಗಳಿಂದ ‘ಜೀವನಧರ್ಮಯೋಗ’ವೆಂಬ ಗ್ರಂಥವು ರೂಪುಗೊಂಡು, 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಶಾಸ್ತ್ರವನ್ನು ಅವರು ಸಂಸಾರಿಯ ಅನುಭವದ ಮುಂದೆ ತಂದು ನಿಲ್ಲಿಸಿ, ಇದು ಬಾಳಿಗೆ ಹೊಂದುವುದೆ ಎಂದು ಕೇಳಿದರು. ಅನುಭವವನ್ನು ಶಾಸ್ತ್ರದ ಮುಂದೆ ನಿಲ್ಲಿಸಿ, ಇದರಲ್ಲಿ ಸ್ವಾರ್ಥದ ಬಣ್ಣ ಎಷ್ಟೆಂದೂ ಕೇಳಿದರು. ನಂಬಿದುದಕ್ಕೂ ನಡೆದುದಕ್ಕೂ ಅವರಲ್ಲಿ ಬಿರುಕು ಕಾಣುವುದು ಕಷ್ಟ: 1970ರಲ್ಲಿ ಸನ್ಮಾನಿಸಿ ಅರ್ಪಿಸಿದ ನಿಧಿಯನ್ನು ಅವರು ಸಂಸ್ಥೆಗೇ ಒಪ್ಪಿಸಿಬಿಟ್ಟರು.

ಎಚ್. ನರಸಿಂಹಯ್ಯನವರು ಹೊರಟದ್ದು ಇನ್ನೊಂದು ದಿಕ್ಕಿನಿಂದ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಕುಟುಂಬದಲ್ಲಿ ಹುಟ್ಟಿ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಬಂದು ಓದಿ, 1942ರ ಚಳವಳಿಯಲ್ಲಿ ಕಾಲೇಜು ಬಿಟ್ಟು ಸೆರೆಮನೆಗೆ ಹೋಗಿ, ಆಮೇಲೆ ಭೌತವಿಜ್ಞಾನದ ಅಧ್ಯಾಪಕರಾಗಿ, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಹಿಂದಿರುಗಿದ ಮೇಲೂ, ಖಾದಿಯುಟ್ಟು, ಬ್ರಹ್ಮಚಾರಿಯಾಗಿ, ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿಯೇ ಬಾಳಿದ ಆ ಮಹನೀಯರು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಅನ್ನು ಸ್ಥಾಪಿಸಿ, ವಿಜ್ಞಾನದ ಉಪನ್ಯಾಸಗಳಿಗೆ ಸಾಮಾನ್ಯ ಜನರನ್ನು ಕರೆದು ಕೂಡಿಸಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಇತರ ಮೂಢನಂಬಿಕೆಗಳನ್ನೂ ವಿಚಾರಣೆ ಮಾಡುವುದಕ್ಕಾಗಿ ಒಂದು ಸಮಿತಿಯನ್ನು ನೇಮಿಸಿ, ಪುಟ್ಟಪರ್ತಿಯ ಸತ್ಯಸಾಯಿಬಾಬಾರವರಿಗೆ, ನಿಯಂತ್ರಿತವಾದ ಸನ್ನಿವೇಶದಲ್ಲಿ ತಮ್ಮ ಪವಾಡಗಳನ್ನು ತೋರಿಸಬೇಕೆಂದು ಪತ್ರಗಳನ್ನು ಬರೆದರು. ಸಮ್ಮತಿ ದೊರೆಯಲಿಲ್ಲ; ಭಕ್ತವರ್ಗದ ಅಸಮಾಧಾನವಂತೂ ಬಹಳವಾಗಿ ದೊರೆಯಿತು. ಅದೇ 1976ರಲ್ಲಿ, ಸಂವಿಧಾನದ 42ನೆಯ ತಿದ್ದುಪಡಿಯು ವೈಜ್ಞಾನಿಕ ಮನೋಭಾವ, ಮಾನವತಾವಾದ ಮತ್ತು ಜಿಜ್ಞಾಸೆಗಳನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ವಿಧಿಸಿತು.

ಆ ಸಮಿತಿಯ ಹೆಸರಿನಲ್ಲಿ ‘ಪರೀಕ್ಷೆಗೆ ಒಳಪಡಿಸಬಹುದಾದ’ ಎಂಬ ವಿಶೇಷಣವಿದ್ದುದನ್ನು ಗಮನಿಸಬೇಕು. ಗಾಳಿಯಲ್ಲಿ ಕೈಯಾಡಿಸಿ ವಿಭೂತಿ ಬರಿಸುವುದು, ಜಾತಕ ನೋಡಿ ಮುಂದಾಗುವುದನ್ನು ನುಡಿಯುವುದು, ಮಂತ್ರದಿಂದ ರೋಗ ವಾಸಿಮಾಡುವುದು, ಇವೆಲ್ಲ ಲೋಕದಲ್ಲಿ ನಡೆಯುತ್ತವೆ ಎಂದು ಹೇಳಲ್ಪಡುವ ಸಂಗತಿಗಳು. ನಡೆಯುವುದೋ ಇಲ್ಲವೋ ಎಂದು ನೋಡಿಯೇ ತೀರ್ಮಾನಿಸಬಹುದು. ನೋಡುವುದರಲ್ಲಿಯೂ ಒಂದು ಶಿಸ್ತು ಬೇಕು. ಫಲಿಸಿದ ಭವಿಷ್ಯವನ್ನು ಹತ್ತು ವರ್ಷ ನೆನೆದು, ಫಲಿಸದ್ದನ್ನು ಹತ್ತು ದಿನಗಳಲ್ಲಿ ಮರೆಯುವುದು ಮನುಷ್ಯಮನಸ್ಸಿನ ಸ್ವಭಾವವಾದುದರಿಂದ, ಜೋಯಿಸರು ನುಡಿದುದನ್ನು ನುಡಿದ ದಿವಸವೇ ತಾರೀಖು ಹಾಕಿ ಬರೆದಿಟ್ಟು, ಎಷ್ಟು ಘಟಿಸಿತು, ಎಷ್ಟು ಘಟಿಸಲಿಲ್ಲ ಎಂಬುದನ್ನು ವರ್ಷಾಂತ್ಯದಲ್ಲಿ ಎಣಿಸುವುದು ಯಾವ ಮನೆಯಲ್ಲಿಯಾದರೂ ಸಾಧ್ಯವಾದ ಪರೀಕ್ಷೆ. ‘ವಿಜ್ಞಾನಕ್ಕೆ ಎಲ್ಲವೂ ತಿಳಿದಿಲ್ಲ’ ಎಂಬ ಮಾತು ಸತ್ಯವೇ ಆದರೂ, ಇಂಥ ಸುಲಭವಾದ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವುದಕ್ಕಾಗಿ ಆ ಸತ್ಯವನ್ನು ಆಡುವುದು ಪ್ರಾಮಾಣಿಕತೆಯಲ್ಲ. ಮತ್ತೊಂದು ಕಡೆ, ಮುಪ್ಪಿನ ತಾಯಿಗೆ ನಾನು ಎಷ್ಟು ಋಣಿ, ಯಾವುದಕ್ಕಾಗಿ ಬದುಕಿದರೆ ಬದುಕಿದಂತಾಯಿತು ಎಂಬ ಪ್ರಶ್ನೆಗಳನ್ನು ಪ್ರಯೋಗಶಾಲೆಯಲ್ಲಿ ಅಳೆಯಲಾಗುವುದಿಲ್ಲವೆಂಬ ಕಾರಣದಿಂದ ನಿರರ್ಥಕವೆಂದು ತಳ್ಳುವುದು ಬುದ್ಧಿಯ ದಾರಿದ್ರ್ಯವೇ ಸರಿ. ಅಲ್ಲಿ ಗುಂಡಪ್ಪನವರ ದಾರಿ ನಮಗೆ ಬೇಕು. ಅಲ್ಲಿಯೂ ಕಾರಣಗಳನ್ನು ಕೊಡಬೇಕು, ಕೇಳಬೇಕು. ಕಾರಣಗಳ ಜಾತಿ ಮಾತ್ರ ಬೇರೆ.

ಹಾಗಾದರೆ, ಮನಃಪೂರ್ವಕವಾಗಿ ನಂಬಿದ್ದೇನೆ, ನನ್ನ ನಂಬಿಕೆಯಲ್ಲಿ ಕಪಟವಿಲ್ಲ ಎಂದು ಒಬ್ಬನು ಹೇಳಿದರೆ ಸಾಲದೆ? ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದಕ್ಕೆ ಉತ್ತರವಾಗಿ ಒಂದು ಕಲ್ಪಿತ ಪ್ರಸಂಗವನ್ನು ಹೇಳುತ್ತಾನೆ. ಹಡಗಿನ ಮಾಲಿಕನೊಬ್ಬನಿಗೆ ತನ್ನ ಹಳೆಯ ಹಡಗು ಗಟ್ಟಿಯಾಗಿಲ್ಲವೆಂಬ ಶಂಕೆ ಬರುತ್ತದೆ. ದುರಸ್ತಿಗೆ ಹಣ ವೆಚ್ಚವಾಗುವುದೆಂದು ಆ ಶಂಕೆಯನ್ನು ಅವನು ಮೆಲ್ಲಮೆಲ್ಲನೆ ಅದುಮಿ, ದೈವವು ಕಾಪಾಡುವುದೆಂಬ ನಿಜವಾದ ನಂಬಿಕೆಯನ್ನೇ ತನ್ನಲ್ಲಿ ಬೆಳೆಸಿಕೊಂಡು, ವಲಸೆಹೋಗುವ ಸಂಸಾರಗಳನ್ನು ತುಂಬಿ ಕಳುಹಿಸುತ್ತಾನೆ. ಹಡಗು ನಡುಗಡಲಿನಲ್ಲಿ ಮುಳುಗಿಹೋಗುತ್ತದೆ. ಅವನು ನಂಬಿದ್ದು ನಿಜ. ಹಾಗೆ ನಂಬುವ ಅಧಿಕಾರ ಮಾತ್ರ ಅವನಿಗಿರಲಿಲ್ಲ ಎಂದು ಕ್ಲಿಫರ್ಡನ ತೀರ್ಪು. ಇದನ್ನು ಎದುರಿಸಿ ಅಮೆರಿಕದ ವಿಲಿಯಂ ಜೇಮ್ಸ್ 1896ರಲ್ಲಿ, ಸಾಕ್ಷ್ಯವು ಎರಡು ಕಡೆಗೂ ತೀರ್ಮಾನ ಕೊಡದಿರುವಾಗ, ಆಯ್ಕೆಯೂ ಅನಿವಾರ್ಯವಾಗಿರುವಾಗ, ಹೃದಯಕ್ಕೂ ಒಂದು ಹಕ್ಕು ಉಂಟೆಂದು ವಾದಿಸಿದನು. ಇಬ್ಬರ ಮಾತಿನಲ್ಲಿಯೂ ಬಲವಿದೆ. ಹಡಗಿನಲ್ಲಿ ಇರುವವರು ಯಾರು ಎಂಬುದನ್ನು ಮೊದಲು ಕೇಳಬೇಕೆಂದು ನನಗೆ ತೋರುತ್ತದೆ. ನನ್ನ ನಂಬಿಕೆಯ ಬೆಲೆಯನ್ನು ನಾನೊಬ್ಬನೇ ತೆರುವುದಾದರೆ ಜೇಮ್ಸನ ಮಾತನ್ನು ಒಪ್ಪಬಹುದು; ಇತರರು ತೆರಬೇಕಾದಾಗ ಕ್ಲಿಫರ್ಡನನ್ನು ಬಿಟ್ಟು ನಡೆಯಲಾಗದು.

ಕರ್ಮಸಿದ್ಧಾಂತವನ್ನು ಈ ಬೆಳಕಿನಲ್ಲಿ ನೋಡೋಣ. ಎಳೆಯ ಕೂಸೊಂದು ಕ್ಯಾನ್ಸರಿನಿಂದ ನರಳುತ್ತಿದೆ. ನೋಡಹೋದವರಲ್ಲಿ ಯಾರಾದರೊಬ್ಬರು ‘ಪೂರ್ವಜನ್ಮದ ಕರ್ಮ’ ಎನ್ನುತ್ತಾರೆ. ಸಿದ್ಧಾಂತವನ್ನು ಅದರ ಅತ್ಯುತ್ತಮ ರೂಪದಲ್ಲಿ ಹೇಳುವುದಾದರೆ ಹೀಗೆ: ಲೋಕವು ನ್ಯಾಯವಿಲ್ಲದ ಅರಾಜಕವಲ್ಲ, ದೇವರು ಪಕ್ಷಪಾತಿಯಲ್ಲ, ಮಾಡಿದ ಯಾವ ಸತ್ಕಾರ್ಯವೂ ವ್ಯರ್ಥವಲ್ಲ, ನಾಳೆಯ ನನ್ನ ಸ್ಥಿತಿಯು ಇಂದಿನ ನನ್ನ ಪ್ರಯತ್ನಕ್ಕೆ ಅಧೀನ. ದೇವರಿಗೆ ವೈಷಮ್ಯದ, ನಿರ್ದಯತೆಯ ದೋಷ ತಟ್ಟುವುದಲ್ಲವೆ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರಗಳೇ ಎತ್ತಿಕೊಂಡು, ಅವನು ಪ್ರಾಣಿಗಳ ಕರ್ಮವನ್ನು ಅಪೇಕ್ಷಿಸಿ ಸೃಷ್ಟಿಸುತ್ತಾನೆಂದು ಪರಿಹಾರ ಹೇಳಿದುವು. ಎಂದರೆ ಆ ಪ್ರಶ್ನೆಯ ಮುಳ್ಳು ಪ್ರಾಚೀನರನ್ನೂ ಚುಚ್ಚಿತ್ತು. ಪೂರ್ವಪಕ್ಷ ಹೀಗೆ ಪ್ರಬಲವಾಗಿದೆ. ಆದರೂ, ಕೂಸು ಗುಣವಾದರೆ ಪುಣ್ಯ, ಸತ್ತರೆ ಪಾಪ ಎಂದು ಏನು ನಡೆದರೂ ಹೊಂದಿಕೊಂಡುಬಿಡುವ ವಿವರಣೆಯು, ಹೀಗೇಕಾಯಿತು, ಬೇರೆ ರೀತಿಯಲ್ಲಿ ಏಕಾಗಲಿಲ್ಲ ಎಂಬುದನ್ನು ತಿಳಿಸಲೇ ಇಲ್ಲ. ತಾನು ಮಾಡಿದ್ದೇನೆಂಬ ನೆನಪೇ ಇಲ್ಲದವನಿಗೆ ಶಿಕ್ಷೆಯಿಂದ ಯಾವ ತಿದ್ದುಪಾಡೂ ಆಗದು. ಹುಟ್ಟಿನ ಕಾರಣದಿಂದ ತುಳಿಯಲ್ಪಟ್ಟವರಿಗೆ ‘ಇದು ನಿನ್ನ ಕರ್ಮಫಲ’ ಎಂದು ಹೇಳಿ, ತುಳಿದವರು ನೆಮ್ಮದಿಯಾಗಿ ಮಲಗಿದ ಇತಿಹಾಸವೂ ನಮ್ಮೆದುರಿಗಿದೆ. ಆದುದರಿಂದ ಒಬ್ಬನು ತನ್ನ ನಡತೆಯ ನಿಯಮವಾಗಿ, ತಾನು ಮಾಡಿದ್ದನ್ನು ತಾನೇ ಉಣ್ಣಬೇಕೆಂಬ ಎಚ್ಚರವಾಗಿ, ಕರ್ಮವನ್ನು ನಂಬಿದರೆ ಅದಕ್ಕೆ ನನ್ನ ಗೌರವವಿದೆ. ಇನ್ನೊಬ್ಬರ ಸಂಕಟದ ಮೇಲೆ ತೀರ್ಪಾಗಿ ಅದನ್ನು ನುಡಿಯುವ ಅಧಿಕಾರ ಯಾರಿಗೂ ಇಲ್ಲ. ಆ ಕೂಸಿನ ತಾಯಿ ಕೇಳಿದರೆ, ವೈದ್ಯರಿಗೆ ತಿಳಿದಿರುವಷ್ಟನ್ನು ಹೇಳಬಹುದು. ಅದರಾಚೆಗೆ ‘ಏಕೋ ನನಗೆ ತಿಳಿಯದಮ್ಮ’ ಎನ್ನುವುದೇ ನಿಜವಾದ ಉತ್ತರ.

ಈ ‘ತಿಳಿಯದು’ ಎಂಬ ಮಾತನ್ನು ಕೊನೆಯವರೆಗೂ ಹಿಡಿದು ನಡೆಯುವುದಕ್ಕೆ ಧೈರ್ಯ ಬೇಕು. 1900ರಲ್ಲಿ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿ, ಲಲಿತಪ್ರಬಂಧಗಳಿಂದ ಕನ್ನಡಿಗರ ಪ್ರೀತಿಯನ್ನು ಗಳಿಸಿದ್ದ ಎ. ಎನ್. ಮೂರ್ತಿರಾಯರು, ‘ದೇವರು’ ಎಂಬ ಪುಸ್ತಕವನ್ನು ಪ್ರಕಟಿಸಿದ್ದು 1991ರಲ್ಲಿ, ತಮ್ಮ ವಯಸ್ಸು ತೊಂಬತ್ತು ತುಂಬಿದ ಮೇಲೆ. ಮುದಿತನದಲ್ಲಿ ದೇವರ ಕಡೆಗೆ ತಿರುಗುವುದನ್ನು ಲೋಕವು ನಿರೀಕ್ಷಿಸುತ್ತದೆ. ಮರಣಭಯವೂ ಅದೇ ಕಡೆಗೆ ಒತ್ತುತ್ತದೆ. ಭಯವನ್ನು ಸಾಕ್ಷ್ಯವೆಂದು ಎಣಿಸಲು ಅವರು ಒಪ್ಪಲಿಲ್ಲ. ನಂಬಲರ್ಹವಾದ ಆಧಾರ ತಮಗೆ ಕಾಣಲಿಲ್ಲವೆಂಬುದನ್ನು, ನಂಬುವವರನ್ನು ಹಳಿಯದೆ, ತಿಳಿಯಾದ ಗದ್ಯದಲ್ಲಿ ಹೇಳಿದರು. ಕನ್ನಡದ ಓದುಗರು ಆ ಪುಸ್ತಕವನ್ನು ಆದರದಿಂದಲೇ ಬರಮಾಡಿಕೊಂಡರು ಎಂಬುದು ನಮ್ಮ ಸಮಾಜಕ್ಕೆ ಶೋಭೆ ತರುವ ಸಂಗತಿ. ಕಗ್ಗವನ್ನು ಕೂಡಿ ಓದುವ ಗೋಷ್ಠಿಗಳು ಇಂದಿಗೂ ನಡೆಯುತ್ತವೆ. ಅಲ್ಲಿ ಒಂದು ಋತುವಿನಲ್ಲಿ ಮೂರ್ತಿರಾಯರ ಪುಸ್ತಕವನ್ನು ಪೂರ್ವಪಕ್ಷವಾಗಿ ಇಟ್ಟುಕೊಂಡು, ವಿಚಾರವಾದಿಗಳ ಕೂಟಗಳಲ್ಲಿ ಅದೇ ರೀತಿ ಕಗ್ಗವನ್ನು ಇಟ್ಟುಕೊಂಡು, ಪ್ರತಿಯೊಂದನ್ನೂ ಅದರ ಪ್ರೇಮಿಯೇ ಮೆಚ್ಚುವಂತೆ ವಿವರಿಸುವ ಹೊಣೆಯನ್ನು ಒಪ್ಪದವರಿಗೇ ಒಪ್ಪಿಸಬೇಕೆಂದು ನಾನು ಬಯಸುತ್ತೇನೆ.