ಗುರ್ ಅನ್ನೋದನ್ನ ನಿಲ್ಲಿಸಿದ್ದು ನಾವೇ: ಮನೆಗೆ ಬರೋ ನಾಯಿ ಟ್ರೇನರ್ ನಿಜವಾಗಿ ಪಾಠ ಮಾಡೋದು ಯಾರಿಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ಸಣ್ಣ ತಿದ್ದುಪಡಿ ಮಾಡಲಾಗಿದೆ.)

ಹಿಂದಿನ ಒಂದು ಸಂಚಿಕೆಯಲ್ಲಿ ನಮ್ಮ ನಾಯಿ ಇಂಗು ಮಧ್ಯದಲ್ಲಿ ಬೊಗಳಿದ್ದನ್ನ ಕೇಳಿಸ್ಕೊಂಡು ಕೆಲವರು ಮೆಸೇಜ್ ಮಾಡಿದ್ರಿ. ಹೆಚ್ಚಿನವರ ಪ್ರಶ್ನೆ ಒಂದೇ: ಮನೆಗೇ ಬಂದು ನಾಯಿಗೆ ಟ್ರೇನಿಂಗ್ ಕೊಡೋರು ಇದ್ದಾರಲ್ಲ, ಅದರಿಂದ ಉಪಯೋಗ ಇದೆಯಾ, ಇಲ್ಲ ದುಡ್ಡು ದಂಡನಾ? ಉತ್ತರಕ್ಕೆ ಮುಂಚೆ ಒಂದು ಭಾನುವಾರದ ಕಥೆ ಹೇಳ್ಬೇಕು. ಹೆಮ್ಮೆ ಪಡೋ ಕಥೆ ಅಲ್ಲ.

ಇಂಗು ಬೀದಿಯಿಂದ ಬಂದ ನಾಯಿ, ಇಂಡಿ ಅಂತೀವಲ್ಲ ಅದು. ಮೂರು ವರ್ಷ. ಬಣ್ಣವೂ ಇಂಗಿನದ್ದೇ. ಹೋದ ವರ್ಷ ಅಕ್ಕ ಮತ್ತು ಅವಳ ನಾಲ್ಕು ವರ್ಷದ ಮಗ ಕೆಲವು ತಿಂಗಳಿಗೆ ಅಂತ ನಮ್ಮ ಮನೆಗೆ ಬಂದ್ರು. ಬೆಂಗಳೂರಿನ ಟೂ ಬಿಎಚ್‌ಕೆ, ಅಜ್ಜಿಯಿಂದ ಹಿಡಿದು ಆರು ಜನ, ಒಂದು ನಾಯಿ. ಮೊದಲ ವಾರದಲ್ಲೇ ಇಂಗು ಮಗುವನ್ನ ನೋಡಿ ಗುರ್ ಅನ್ನೋಕೆ ಶುರು ಮಾಡಿತು. ಊಟದ ತಟ್ಟೆ ಹತ್ರ ಬಂದ್ರೆ ಗುರ್. ಮಲಗಿದ್ದಾಗ ಬಾಲ ಮುಟ್ಟಿದ್ರೆ ಗುರ್. ನಾವೇನು ಮಾಡಿದ್ವಿ? "ಏಯ್! ಮಗು ಮೇಲೆ ಗುರ್ ಅಂತೀಯಾ?" ಅಂತ ಬೈದ್ವಿ. ಅಪ್ಪ ಪೇಪರ್ ಸುರುಳಿ ಸುತ್ತಿ ನೆಲಕ್ಕೆ ಬಡಿದ್ರು. ಎರಡೇ ವಾರದಲ್ಲಿ ಗುರ್ ಅನ್ನೋದು ನಿಂತಿತು. ಬುದ್ಧಿ ಬಂತು ಅಂದ್ಕೊಂಡ್ವಿ.

ಆ ಭಾನುವಾರ ಮಗು ಓಡಿಹೋಗಿ ಮಲಗಿದ್ದ ಇಂಗುವನ್ನ ತಬ್ಬಿಕೊಂಡ. ಸದ್ದೇ ಇಲ್ಲದೆ ಕಚ್ಚಿತು. ಕೈ ಮೇಲೆ ಎರಡು ಹಲ್ಲಿನ ಗುರುತು, ಸ್ವಲ್ಪ ರಕ್ತ. ಹರಿಯೋ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಿದ್ವಿ. ಇದನ್ನ ಮಾತ್ರ ಬರೆದಿಟ್ಕೊಳ್ಳಿ: ಸಾಕಿದ ನಾಯಿ, ಲಸಿಕೆ ಹಾಕಿಸಿದ ನಾಯಿ ಆದ್ರೂ ಹದಿನೈದು ನಿಮಿಷ ಸೋಪು ನೀರು, ಆಮೇಲೆ ಡಾಕ್ಟರ್. ಇಂಜೆಕ್ಷನ್ ಬೇಕೋ ಬೇಡ್ವೋ ಅನ್ನೋದನ್ನ ಅವರೇ ಹೇಳಲಿ.

ರಾತ್ರಿ ಅಪ್ಪ ಹೇಳಿದ್ದು ಒಂದೇ ಮಾತು. "ಇದನ್ನ ಎಲ್ಲಾದ್ರೂ ಬಿಟ್ಟು ಬಾ."

ಬ್ಯಾಟರಿ ತೆಗೆದ ಅಲಾರಂ

"ಇದ್ದಕ್ಕಿದ್ದಂತೆ ಕಚ್ಚಿಬಿಡ್ತು" ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದ್ವಿ. ಅದು ಸುಳ್ಳು. ಎರಡು ವಾರ ಅದು ಹೇಳ್ತಾನೇ ಇತ್ತು, ನಾವು ಬಾಯಿ ಮುಚ್ಚಿಸಿದ್ವಿ. ಗುರ್ ಅನ್ನೋದು ಹೊಗೆ ಬಂದಾಗ ಕೂಗೋ ಅಲಾರಂ ಇದ್ದ ಹಾಗೆ. ಕಿರಿಕಿರಿ ಅಂತ ಬ್ಯಾಟರಿ ತೆಗೆದ್ರೆ ಶಬ್ದ ನಿಲ್ಲುತ್ತೆ, ಬೆಂಕಿ ಆರಲ್ಲ. ಗುರ್ ಅಂದ್ರೆ ಏಟು ಅಂತ ನಾಯಿ ಕಲಿತರೆ ಮುಂದಿನ ಸಲ ಆ ಮೆಟ್ಟಿಲನ್ನೇ ಬಿಟ್ಟು ನೇರ ಕಚ್ಚೋ ಮೆಟ್ಟಿಲಿಗೆ ಹೋಗುತ್ತೆ.

ಮೆಟ್ಟಿಲು ಅನ್ನೋ ಪದ ನನ್ನದಲ್ಲ. ಕೆಂಡಲ್ ಶೆಫರ್ಡ್ ಅನ್ನೋ ಬ್ರಿಟನ್ನಿನ ಪಶುವೈದ್ಯೆ ನಾಯಿಯ ಒತ್ತಡದ ಸೂಚನೆಗಳನ್ನ ಒಂದು ಏಣಿ ತರ ಚಿತ್ರಿಸಿದ್ದಾರೆ. ಕೆಳಗಿನ ಮೆಟ್ಟಿಲಲ್ಲಿ ಆಕಳಿಕೆ, ಕಣ್ಣು ಮಿಟುಕಿಸೋದು, ಮೂಗು ನೆಕ್ಕೋದು. ಆಮೇಲೆ ಮುಖ ತಿರುಗಿಸೋದು, ಎದ್ದು ಹೋಗೋದು, ಕಿವಿ ಹಿಂದಕ್ಕೆ ಮಾಡಿ ಮುದುರಿಕೊಳ್ಳೋದು. ಅದರ ಮೇಲೆ ಮೈ ಬಿಗಿ ಮಾಡಿ ದಿಟ್ಟಿಸೋದು. ಗುರ್ ಬರೋದು ಅದಕ್ಕೂ ಮೇಲೆ, ಕಚ್ಚೋದು ಕೊನೆಗೆ. ಅಂದ್ರೆ ಗುರ್ ಅನ್ನೋ ಹೊತ್ತಿಗೆ ನಾಯಿ ಅದಾಗಲೇ ಹಲವು ಸಲ "ಪ್ಲೀಸ್" ಅಂದಾಗಿರುತ್ತೆ. ನಿಮ್ಮ ಫೋನಲ್ಲಿ ಮಗು ನಾಯಿಯನ್ನ ತಬ್ಬಿಕೊಂಡ ಮುದ್ದಾದ ವಿಡಿಯೋ ಇದ್ರೆ ಸೌಂಡ್ ಆಫ್ ಮಾಡಿ, ನಾಯಿಯ ಮುಖ ಮಾತ್ರ ನೋಡಿ. ನಾನು ನಮ್ಮ ಹಳೇ ವಿಡಿಯೋ ನೋಡಿದೆ. ಎಲ್ಲದರಲ್ಲೂ ಇಂಗು ಮೂಗು ನೆಕ್ತಾ ಮುಖ ತಿರುಗಿಸ್ತಾ ಇದೆ. ನಾವೆಲ್ಲ ನಗ್ತಾ ಇದೀವಿ.

ಆಲ್ಫಾ ಅಂತೆ

ಎಲ್ಲಾದ್ರೂ ಬಿಟ್ಟು ಬರೋದಂತೂ ಆಗದ ಮಾತು. ಹಸಿವು, ಬಾಯಾರಿಕೆಯಿಂದ ನರಳೋ ಹಾಗೆ ಸಾಕುಪ್ರಾಣಿಯನ್ನ ಬಿಟ್ಟುಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಕಾನೂನು ಬಿಡಿ, ನನ್ನ ಕೈಯಲ್ಲಿ ಆಗ್ತಿರಲಿಲ್ಲ. ಹಾಗಾಗಿ ಗಾಬರಿಯಲ್ಲಿ ಸಿಕ್ಕಿದ ಮೊದಲ ಟ್ರೇನರ್‌ಗೆ ಫೋನ್ ಮಾಡಿದೆ. ಅವರು ಬಂದು ಎರಡೇ ನಿಮಿಷ ನೋಡಿ, "ನಿಮ್ಮ ನಾಯಿ ಆಲ್ಫಾ ಆಗಿಬಿಟ್ಟಿದೆ, ನೀವು ಬಾಸ್ ಅಂತ ತೋರಿಸ್ಬೇಕು" ಅಂದ್ರು. ಚೋಕ್ ಚೈನ್ ಹಾಕಿ ಎಳೆದ್ರು. ಮೂರು ವಾರ ಅವರ ಜಾಗಕ್ಕೆ ಕಳಿಸಿದ್ರೆ ಗ್ಯಾರಂಟಿ ರಿಸಲ್ಟ್ ಅಂತಾನೂ ಹೇಳಿದ್ರು. ಇಂಗು ಸುಮ್ಮನೆ ಮಲಗಿತು. ನೋಡೋಕೆ ಶಿಸ್ತು ಅನ್ಸುತ್ತೆ. ಅದು ಭಯ.

ಈ ಆಲ್ಫಾ ಕಥೆ ಎಲ್ಲಿಂದ ಬಂತು ಅಂತ ಹುಡುಕಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನೋ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಮೇಲೆ ಬರೆದ್ರು: ಜಗಳ ಆಡಿ ಗೆದ್ದವನೇ ಯಜಮಾನ. ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಈ ವಿಚಾರವನ್ನ ಜನಪ್ರಿಯ ಮಾಡಿದ್ರು. ಆಮೇಲೆ ಅದೇ ಮೆಕ್ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡು ತೋಳಗಳನ್ನ ವರ್ಷಗಟ್ಟಲೆ ಹತ್ತಿರದಿಂದ ನೋಡಿ, 1999ರಲ್ಲಿ ತಿದ್ದಿಕೊಂಡ್ರು. ಕಾಡಿನ ತೋಳದ ಗುಂಪು ಅಂದ್ರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಒಂದು ಸಂಸಾರ ಅಷ್ಟೇ. ಸಂಬಂಧ ಇಲ್ಲದ ಪ್ರಾಣಿಗಳನ್ನ ಒಂದೇ ಬೇಲಿಯೊಳಗೆ ತುಂಬಿ ಅವುಗಳ ಜಗಳ ನೋಡಿ ನಿಯಮ ಬರೆಯೋದು, ಪಿಜಿಯ ಅಡುಗೆಮನೆ ನೋಡಿ ಕುಟುಂಬ ಅಂದ್ರೆ ಹೀಗೆ ಅಂತ ಬರೆದ ಹಾಗೆ. ಮೇಲಾಗಿ ನಮ್ಮ ಮನೇಲಿರೋದು ತೋಳವೂ ಅಲ್ಲ. ಬರೆದವರೇ ವಾಪಸ್ ತಗೊಂಡ ಮಾತನ್ನ ನಮ್ಮ ಟ್ರೇನರ್ ಇನ್ನೂ ಫೀಸ್ ತಗೊಂಡು ಮಾರ್ತಾ ಇದ್ರು.

ನಾಯಿಯನ್ನ ಮುಟ್ಟದೇ ಇದ್ದ ಟ್ರೇನರ್

ಎರಡನೇ ಟ್ರೇನರ್ ಫೋನಲ್ಲೇ ಕೇಳಿದ ಮೊದಲ ಪ್ರಶ್ನೆ: "ವೆಟ್‌ಗೆ ತೋರಿಸಿದ್ರಾ?" ಇಲ್ಲ. ತೋರಿಸಿದ ಮೇಲೇ ಬರ್ತೀನಿ ಅಂದ್ರು. ತೋರಿಸಿದಾಗ ಗೊತ್ತಾಗಿದ್ದು, ಎಡ ಕಿವಿಯೊಳಗೆ ಇನ್ಫೆಕ್ಷನ್. ಕಿವಿ ನೋಯ್ತಾ ಮಲಗಿರೋ ನಾಯಿಯ ಕತ್ತನ್ನ ಮಗು ತಬ್ಬಿಕೊಂಡಿದೆ. ನಡವಳಿಕೆ ಏಕಾಏಕಿ ಬದಲಾದ್ರೆ ಮೊದಲು ನೋವು ಹುಡುಕಿ ಅನ್ನೋದು ಎಷ್ಟು ಸರಳ ಮಾತು, ಆರು ಜನರಲ್ಲಿ ಒಬ್ಬರಿಗೂ ಹೊಳೀಲಿಲ್ಲ.

ಮನೆಗೆ ಬಂದವರು ಮುಕ್ಕಾಲು ಗಂಟೆ ನಾಯಿಯನ್ನ ಮುಟ್ಟಲೇ ಇಲ್ಲ. ಕೂತು ನಮ್ಮನ್ನ ನೋಡಿದ್ರು. ಯಾರು ಎಲ್ಲಿ ಓಡಾಡ್ತಾರೆ, ನಾಯಿ ಎಲ್ಲಿ ಮಲಗುತ್ತೆ, ಬೆಲ್ ಆದ್ರೆ ಏನಾಗುತ್ತೆ. ಆಮೇಲೆ ಎಲ್ಲರನ್ನೂ ಕೂರಿಸಿ ಒಂದು ಹಾಳೆ ಕೊಟ್ರು. ನಾಯಿ ಕೂತ್ಕೋಬೇಕು ಅಂದ್ರೆ ನೀವು ಏನು ಹೇಳ್ತೀರಿ, ಬರೀರಿ. ನಾನು "ಸಿಟ್". ಅಮ್ಮ "ಕೂತ್ಕೋ". ಅಪ್ಪ "ಏಯ್ ಸುಮ್ನಿರು". ಅಕ್ಕ "ಸಿಟ್ ಡೌನ್". ಅಕ್ಕನಿಗೆ "ಡೌನ್" ಅಂದ್ರೆ ಕೂರೋದು, ನಾನು "ಡೌನ್" ಅಂದ್ರೆ ಮಲಗೋದು. ಅಜ್ಜಿ ಏನೂ ಹೇಳಲ್ಲ, ಮೊಸರನ್ನದ ತುತ್ತು ತೋರಿಸ್ತಾರೆ. ಮನೇಲಿ ಇಂಗು ಮಾತು ಕೇಳ್ತಿದ್ದದ್ದು ಅಜ್ಜಿದು ಮಾತ್ರ ಯಾಕೆ ಅಂತ ಆಗ ಅರ್ಥ ಆಯ್ತು.

ಕೊನೆಗೆ ಪದಗಳನ್ನ ಕನ್ನಡದಲ್ಲೇ ಗೊತ್ತು ಮಾಡಿದ್ವಿ, ಅಜ್ಜಿಗೂ ನೆನಪಿರಲಿ ಅಂತ. "ಕೂರು", "ಬಾ", "ಬಿಡು", "ಜಾಗಕ್ಕೆ". ನಾಯಿಗೆ ಇಂಗ್ಲಿಷ್ ಯಾಕೆ ಬೇಕು ಅಂತ ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ.

ಇಲ್ಲೇ ಮನೆ ಟ್ರೇನಿಂಗಿನ ಅಸಲು ಲಾಭ ಇರೋದು. ನಾಯಿ ಒಂದು ಜಾಗದಲ್ಲಿ, ಒಬ್ಬರ ಹತ್ರ ಕಲಿತದ್ದನ್ನ ಇನ್ನೊಂದು ಜಾಗಕ್ಕೆ, ಇನ್ನೊಬ್ಬರಿಗೆ ತಾನಾಗೇ ಅನ್ವಯಿಸಿಕೊಳ್ಳಲ್ಲ. ಟ್ರೇನರ್ ಅಂಗಳದಲ್ಲಿ "ಕೂರು" ಅಂದ್ರೆ ಕೂರೋ ನಾಯಿಗೆ, ನಮ್ಮ ಅಪಾರ್ಟ್‌ಮೆಂಟ್ ಲಿಫ್ಟಲ್ಲಿ ಅಪ್ಪ ಅದೇ ಪದ ಹೇಳಿದ್ರೆ ಅದು ಹೊಸ ಪಾಠ. ಮೂರು ವಾರ ಹಾಸ್ಟೆಲ್‌ಗೆ ಕಳಿಸಿದ್ರೆ ನಾಯಿ ಹಾಸ್ಟೆಲ್‌ನಲ್ಲಿ ಚೆನ್ನಾಗಿರೋದನ್ನ ಕಲೀಬಹುದು. ಆದ್ರೆ ಕಚ್ಚಿದ್ದು ನಮ್ಮ ಹಾಲಲ್ಲಿ, ನಮ್ಮ ಮಗುವನ್ನ. ಅಲ್ಲಿ ಆ ಹಾಲೂ ಇಲ್ಲ, ಆ ಮಗುವೂ ಇಲ್ಲ.

ಏನೇನು ಮಾಡಿದ್ವಿ

ಮೊದಲ ದಿನದ ಬದಲಾವಣೆ ಪೀಠೋಪಕರಣದ್ದು. ಇಂಗುವಿನ ಹಾಸಿಗೆ ಹಾಲ್ ಮತ್ತು ಬಾತ್‌ರೂಮ್ ನಡುವಿನ ಸಂದಿಯಲ್ಲಿತ್ತು. ಎಲ್ಲರೂ ದಾಟೋ ದಾರಿ, ಅದಕ್ಕೆ ಎದ್ದು ಹೋಗೋಕೆ ಜಾಗ ಇಲ್ಲ. ಹಾಸಿಗೆಯನ್ನ ನನ್ನ ರೂಮಿನ ಮೂಲೆಗೆ ಹಾಕಿ, ಬಾಗಿಲಿಗೆ ಮಕ್ಕಳ ಗೇಟ್ ಹಾಕಿದ್ವಿ. ಊಟ ಗೇಟಿನೊಳಗೆ. ದೊಡ್ಡವರು ನೋಡ್ತಾ ಇಲ್ಲದೆ ಮಗು ಮತ್ತು ನಾಯಿ ಒಂದೇ ಕಡೆ ಇರಬಾರದು, ಒಂದು ನಿಮಿಷಕ್ಕೂ. ಇದು ಟ್ರೇನಿಂಗ್ ಅಲ್ಲ, ಮುಂದಿನ ಕಡಿತ ಆಗದ ಹಾಗೆ ತಡೆಯೋದು. ನನ್ನ ಪ್ರಕಾರ ಅರ್ಧ ಕೆಲಸ ಇಷ್ಟರಲ್ಲೇ ಆಯ್ತು.

ಕಿವಿ ವಾಸಿಯಾದ ಮೇಲೆ ನಿಜವಾದ ಪಾಠ. ಮಗು ಕೋಣೆಯ ಆ ತುದಿಯಲ್ಲಿ ಕಾಣಿಸ್ಕೊಂಡ ಕೂಡಲೇ ನಾನು ಇಂಗುಗೆ ಪನೀರ್ ಚೂರು ಕೊಡೋದು. ಮಗು ಹೋದ ಕೂಡಲೇ ಪನೀರ್ ಬಂದ್. ಇಂಗು ಏನೂ ಮಾಡಬೇಕಾಗಿಲ್ಲ. ಮಗು ಬಂದ್ರೆ ಒಳ್ಳೇದು ಬರುತ್ತೆ ಅನ್ನೋ ಲೆಕ್ಕ ಅದರ ತಲೇಲಿ ಕೂರಬೇಕು, ಅಷ್ಟೇ. ನಾಯಿ ಆರಾಮಾಗಿ ತಿನ್ನೋ ದೂರದಿಂದ ಶುರು ಮಾಡಿ ದಿನಕ್ಕೆ ಸ್ವಲ್ಪ ಹತ್ತಿರ. ಮೈ ಬಿಗಿಯಾದ್ರೆ ಅಥವಾ ಪನೀರ್ ಬೇಡ ಅಂದ್ರೆ ನಾವು ಅವಸರ ಮಾಡಿದೀವಿ ಅಂತ ಅರ್ಥ, ಹಿಂದೆ ಹೋಗು. ದಿನಕ್ಕೆ ಐದೈದು ನಿಮಿಷ ಮೂರು ಸಲ. ನೋಡೋಕೆ ಮಹಾ ಬೋರು. ರೀಲ್ಸ್‌ಗೆ ಆಗೋ ವಿಷಯ ಅಲ್ಲ.

ನಮ್ಮದು ಸಸ್ಯಾಹಾರಿ ಮನೆ, ಟ್ರೀಟ್‌ಗೆ ಏನು ಕೊಡೋದು ಅಂತ ಕೇಳೋರಿಗೆ: ಉಪ್ಪಿಲ್ಲದ ಪನೀರ್, ಬೇಯಿಸಿದ ಗೆಣಸು, ಕ್ಯಾರೆಟ್ ಸಾಕು. ಉಗುರಿನಷ್ಟು ಚೂರು. ಆದ್ರೆ ಕೇಸರಿಬಾತ್, ಪಾಯಸದ ಒಣದ್ರಾಕ್ಷಿ ಬೇಡವೇ ಬೇಡ, ದ್ರಾಕ್ಷಿ ನಾಯಿಯ ಕಿಡ್ನಿಯನ್ನ ಹಾಳು ಮಾಡಬಹುದು. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಕೂಡ ಬೇಡ. ಅಜ್ಜಿಯ ಪ್ರಸಾದ ವಿತರಣೆಗೆ ಇಲ್ಲಿ ಸ್ವಲ್ಪ ಧಕ್ಕೆ ಆಯ್ತು.

ಜಗಳ ಆಗಿದ್ದು ಅಜ್ಜಿ ವಿಷಯದಲ್ಲೇ. ಊಟದ ಹೊತ್ತಲ್ಲಿ ಇಂಗು ಬೊಗಳಿದ್ರೆ ಯಾರೂ ತುತ್ತು ಹಾಕಬಾರದು ಅಂತ ನಿಯಮ ಆಯ್ತು. ಟ್ರೇನರ್ ಮೊದಲೇ ಎಚ್ಚರಿಸಿದ್ರು: ಬೊಗಳೋದು ಕಮ್ಮಿ ಆಗೋ ಮುಂಚೆ ಜಾಸ್ತಿ ಆಗುತ್ತೆ. ಕಾಸು ಹಾಕಿದ್ರೂ ಕೂಲ್‌ಡ್ರಿಂಕ್ ಬರದೇ ಇದ್ರೆ ನಾವು ಮಷೀನ್‌ಗೆ ಗುದ್ದಲ್ವಾ, ಹಾಗೆ. ನಾಲ್ಕನೇ ದಿನ ಕಿವಿ ಹಾರೋ ಹಾಗೆ ಬೊಗಳಿತು. ಅಜ್ಜಿ ತಡೀಲಾರದೆ ಒಂದು ತುತ್ತು ಹಾಕಿದ್ರು. ನಾನು ಬಿ.ಕಾಂ. ಓದಿದವನ ಹಾಗೆ ಲೆಕ್ಕ ಹಾಕಿದ್ರೆ ಮೂರು ದಿನದ ಬಂಡವಾಳ ಒಂದೇ ತುತ್ತಲ್ಲಿ ಮುಳುಗಿತು. ಅದಕ್ಕಿಂತ ಕೆಟ್ಟದ್ದು ಅಂದ್ರೆ, ಜೋರಾಗಿ, ತುಂಬ ಹೊತ್ತು ಬೊಗಳಿದ್ರೆ ಸಿಗುತ್ತೆ ಅನ್ನೋದನ್ನ ನಾವೇ ಕಲಿಸಿದ್ವಿ. ಯಾವಾಗ ಸಿಗುತ್ತೋ ಗೊತ್ತಿಲ್ಲ, ಆದ್ರೆ ಒಮ್ಮೊಮ್ಮೆ ಸಿಗುತ್ತೆ ಅನ್ನೋ ಬಹುಮಾನ ಬಿಡಿಸೋಕೆ ತುಂಬ ಕಷ್ಟ. ಲಾಟರಿ ನಡೆಯೋದೂ ಹಾಗೇ. ಟ್ರೇನರ್ ಅಜ್ಜಿಯನ್ನ ಬೈಲಿಲ್ಲ. "ಕೊಡೋ ಕೆಲಸ ನಿಮ್ಮದೇ ಇರಲಿ, ಅದು ಜಾಗಕ್ಕೆ ಹೋಗಿ ಸುಮ್ಮನೆ ಕೂತಾಗ ಕೊಡಿ" ಅಂದ್ರು. ಅಲ್ಲಿಂದ ಅಜ್ಜಿ ನಮ್ಮೆಲ್ಲರಿಗಿಂತ ಕಟ್ಟುನಿಟ್ಟು.

ಯಾರನ್ನ ಕರೀಬೇಕು

ನಮ್ಮಲ್ಲಿ ನಾಯಿ ಟ್ರೇನರ್ ಅಂತ ಬೋರ್ಡ್ ಹಾಕ್ಕೊಳ್ಳೋಕೆ ಕಡ್ಡಾಯ ಲೈಸೆನ್ಸ್ ಇಲ್ಲ. ಹಾಗಾಗಿ ಪ್ರಶ್ನೆ ನೀವೇ ಕೇಳ್ಬೇಕು. ನಾಯಿ ಸರಿಯಾಗಿ ಮಾಡಿದ್ರೆ ಏನು ಕೊಡ್ತೀರಿ, ತಪ್ಪು ಮಾಡಿದ್ರೆ ಏನು ಮಾಡ್ತೀರಿ? ಎರಡನೆಯದಕ್ಕೆ ಉತ್ತರ ಎಳೆಯೋದು, ಹೆದರಿಸೋದು, ಶಾಕ್ ಅಂತ ಬಂದ್ರೆ ಥ್ಯಾಂಕ್ಸ್ ಹೇಳಿ ಫೋನ್ ಇಡಿ. ಅಮೆರಿಕದ ಪಶುವೈದ್ಯ ನಡವಳಿಕೆ ತಜ್ಞರ ಸಂಘಟನೆ 2021ರ ನಿಲುವಿನಲ್ಲಿ ಎಲ್ಲಾ ನಾಯಿಗಳಿಗೂ, ಆಕ್ರಮಣಕಾರಿ ನಾಯಿಗಳಿಗೂ ಸೇರಿಸಿ, ಬಹುಮಾನ ಆಧಾರಿತ ವಿಧಾನವನ್ನೇ ಶಿಫಾರಸು ಮಾಡಿದೆ. ಗ್ಯಾರಂಟಿ ಅಂದವರನ್ನೂ ನಂಬಬೇಡಿ. ಜೀವ ಇರೋದಕ್ಕೆ ವಾರಂಟಿ ಕಾರ್ಡ್ ಬರಲ್ಲ. ನೀವಿಲ್ಲದೆ ನಾಯಿಯನ್ನ ಮಾತ್ರ ಹೊರಗೆ ಕರ್ಕೊಂಡು ಹೋಗಿ ಒಂದು ಗಂಟೆ ಬಿಟ್ಟು ತಂದುಬಿಡೋರಾದ್ರೆ ಮನೆಗೆ ಬಂದು ಏನು ಪ್ರಯೋಜನ? ಒಟ್ಟು ಪ್ಯಾಕೇಜಿಗಿಂತ ಸೆಷನ್ ಲೆಕ್ಕದಲ್ಲಿ ಶುರು ಮಾಡೋದು ವಾಸಿ. ಸರಿಬರಲಿಲ್ಲ ಅಂದ್ರೆ, ಕೊಟ್ಟುಬಿಟ್ಟಿದೀವಲ್ಲ ಅಂತ ಎಳೀಬೇಕಾಗಿಲ್ಲ.

ಎಲ್ಲರಿಗೂ ಮನೆ ಟ್ರೇನರ್ ಬೇಕಿಲ್ಲ. ಹೊಸ ಮರಿ ತಂದವರಿಗೆ ಮನೆಯೊಳಗಿನ ಪಾಠಕ್ಕಿಂತ ಹೊರಗಿನ ಪ್ರಪಂಚ ಮುಖ್ಯ. ಸುಮಾರು ಮೂರರಿಂದ ಹನ್ನೆರಡು ವಾರದ ಒಳಗೆ ಮರಿ ಏನೇನು ಹೆದರಿಕೆ ಇಲ್ಲದೆ ನೋಡುತ್ತೋ, ದೊಡ್ಡದಾದ ಮೇಲೆ ಅದರ ಬಗ್ಗೆ ಅಷ್ಟು ಧೈರ್ಯ. ಮಕ್ಕಳು, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗರು, ಆಟೋ, ಕುಕ್ಕರ್ ಸೀಟಿ. ಲಸಿಕೆ ಮುಗೀದೇ ಇದ್ರೆ ನೆಲಕ್ಕೆ ಬಿಡದೆ ಎತ್ಕೊಂಡು ತೋರಿಸಿ, ವೆಟ್ ಹತ್ರ ಕೇಳ್ಕೊಂಡು. ಇಂಗು ಮರಿಯಾಗಿದ್ದಾಗ ನಮ್ಮ ಮನೇಲಿ ಮಕ್ಕಳೇ ಇರಲಿಲ್ಲ. ಬಹುಶಃ ಕಥೆ ಅಲ್ಲಿಂದಲೇ ಶುರುವಾಗಿತ್ತು.

ಈಗ ಆರು ತಿಂಗಳಾಯ್ತು. ಅಕ್ಕ ಇನ್ನೂ ಇಲ್ಲೇ ಇದ್ದಾಳೆ, ಗೇಟ್ ಕೂಡ ಇಲ್ಲೇ ಇದೆ, ತೆಗೆಯೋ ಯೋಚನೆ ಇಲ್ಲ. ಇಂಗು ಯಾರನ್ನೂ ಕಚ್ಚಿಲ್ಲ. ಎರಡು ಸಲ ಗುರ್ ಅಂದಿದೆ. ಎರಡು ಸಲವೂ ನಮಗೆ ಒಂಥರಾ ಸಮಾಧಾನ ಆಯ್ತು, ಬ್ಯಾಟರಿ ವಾಪಸ್ ಬಂದಿದೆ ಅಂತ. ಹೋದ ವಾರ ಅಪ್ಪ ಟಿವಿ ನೋಡ್ತಾ ಕೂತಿದ್ರು, ಇಂಗು ಅವರ ಕಾಲ ಹತ್ರ. ಮಗು ಬಾಲ್ ಹಿಡ್ಕೊಂಡು ಓಡಿ ಬಂದು, ಮೂರಡಿ ದೂರದಲ್ಲಿ ನಿಂತು, ಇಂಗು ಮುಖ ನೋಡಿ, "ತಾತಾ, ಇಂಗು ಆಕಳಿಸ್ತಿದೆ, ನಾನು ಆಮೇಲೆ ಬರ್ತೀನಿ" ಅಂತ ವಾಪಸ್ ಹೋದ. ಅಪ್ಪ ಟಿವಿ ಮ್ಯೂಟ್ ಮಾಡಿ ನನ್ನ ಕಡೆ ನೋಡಿದ್ರು. ಏನೂ ಹೇಳಲಿಲ್ಲ.

ನಿಮ್ಮ ಪ್ರಶ್ನೆಗಳನ್ನ ವಾಯ್ಸ್ ನೋಟ್ ಕಳಿಸಿ. ನಾಯಿ ಬೊಗಳೋದು ಹಿಂದೆ ಕೇಳಿಸಿದ್ರೂ ಪರವಾಗಿಲ್ಲ. ಮುಂದಿನ ವಾರ ಸಿಗೋಣ.